ಅಭಿಮಾನವೋ, ಅನಾಹುತವೋ?

ಜನಪ್ರಿಯನಾದ ನಟನೋ ಗಾಯಕನೋ ಕಾಲವಶನಾದಾಗ ಜನರು ಹೇಗೆ ನಡೆದುಕೊಳ್ಳುತ್ತಾರೆಂಬುದು ಅಲ್ಪ ವಿಷಯವೆಂದು ತಿಳಿಯುವ ವಿದ್ವಾಂಸರು ನಮ್ಮಲ್ಲಿ ಇಲ್ಲದಿಲ್ಲ. 'ಸಿನಿಮಾದವನೊಬ್ಬ ಸತ್ತರೆ ಸಾಹಿತ್ಯ ಸಂಘಕ್ಕೇನು, ಶಾಲೆಗೇನು?' ಎಂಬುದು ಅವರ ಪ್ರಶ್ನೆ. ಇನ್ನೊಂದು ಕಡೆಯಲ್ಲಿ, 'ದುಃಖ ಉಕ್ಕಿದಾಗ ಕಲ್ಲೂ ಹಾರುತ್ತದೆ, ಬಸ್ಸೂ ಉರಿಯುತ್ತದೆ. ಅದೆಲ್ಲ ಪ್ರೀತಿಯ ಲಕ್ಷಣ' ಎಂದು ವಾದಿಸುವವರೂ ಇದ್ದಾರೆ. ಈ ಎರಡು ಪಕ್ಷಗಳೂ ತಪ್ಪೆಂದೂ, ಎರಡರಿಂದಲೂ ನಮ್ಮ ಮಕ್ಕಳಿಗೆ ಕೇಡೆಂದೂ ನಾವು ಹೇಳಬಯಸುತ್ತೇವೆ. ಉಪಾಧ್ಯಾಯ ಬಂಧುಗಳೂ ವಿದ್ಯಾರ್ಥಿಗಳೂ ನಮ್ಮ ಮಾತನ್ನು ತೂಗಿ ನೋಡಲಿ.

ಮೊದಲು ವಿದ್ವಾಂಸರ ಪಕ್ಷವನ್ನು ಪರಿಶೀಲಿಸೋಣ. ನಾವಿರುವುದು ಶಂಕಗಿರಿ ಕೋಟೆಬೆಟ್ಟದ ಅಡಿಯಲ್ಲಿ. ಇಲ್ಲಿ ಕಚೇರಿಯ ಭಾಷೆ ತಮಿಳು, ಸಂತೆಯ ಭಾಷೆ ತಮಿಳು, ಲಾರಿಯ ಮೇಲಿನ ಬರೆಹವೂ ತಮಿಳು. ಅದು ನಮಗೆ ಅನ್ನ ಕೊಡುವ ಭಾಷೆ. ಅದರ ಮೇಲೆ ನಮಗೆ ದೂರಿಲ್ಲ. ಕನ್ನಡವು ಉಳಿದಿರುವುದು ಅಡಿಗೆಮನೆಯಲ್ಲಿ, ಮಗ್ಗದ ಗುಂಡಿಯ ಬಳಿಯಲ್ಲಿ, ಮದುವೆಯ ಚಪ್ಪರದಲ್ಲಿ. ಇಂತಹ ಮನೆಯಿಂದ ಬಂದ ಮಗುವಿಗೆ ತನ್ನ ನಂಟರಲ್ಲದ ಒಬ್ಬನ ಬಾಯಿಂದ ಕನ್ನಡ ಕೇಳುವ ಅವಕಾಶವೆಲ್ಲಿದೆ? ಪಠ್ಯಪುಸ್ತಕವು ಕೈಗೆ ಬರುವುದಕ್ಕೆ ಎಷ್ಟೋ ಮೊದಲು ಹಾಡು ಕಿವಿಗೆ ಬಂದಿರುತ್ತದೆ.

ಪ್ರಾಥಮಿಕ ಶಾಲೆಯ ಉಪಾಧ್ಯಾಯರಿಗೆ ಮಾತ್ರ ತಿಳಿಯತಕ್ಕ ಒಂದು ಸಂಗತಿಯುಂಟು. ತಮಿಳು ಲಿಪಿಯಲ್ಲಿ ಕ, ಖ, ಗ, ಘ ಎಂಬ ನಾಲ್ಕಕ್ಕೂ ಒಂದೇ ಅಕ್ಷರ. ಮಹಾಪ್ರಾಣಗಳಿಗೆ ಅಲ್ಲಿ ಬೇರೆ ಗುರುತಿಲ್ಲ. ಅದನ್ನೇ ದಿನವೂ ಓದುವ ನಮ್ಮ ಮಕ್ಕಳು 'ಭಕ್ತಿ'ಯನ್ನು 'ಪಕ್ತಿ' ಎನ್ನುತ್ತಾರೆ, 'ಧರ್ಮ'ವನ್ನು 'ತರ್ಮ' ಎನ್ನುತ್ತಾರೆ. ಕಪ್ಪು ಹಲಗೆಯ ಮುಂದೆ ನಿಂತು ನಾವು ನೂರು ಸಲ ತಿದ್ದಿದರೂ ನಿಲ್ಲದ ಉಚ್ಚಾರಣೆಯು 'ಭಕ್ತ ಪ್ರಹ್ಲಾದ'ದಲ್ಲಿಯೋ 'ಬಭ್ರುವಾಹನ'ದಲ್ಲಿಯೋ ರಾಜಕುಮಾರರು ಆಡಿದ ಮಾತನ್ನು ಅನುಕರಿಸುವ ಹುಡುಗನ ನಾಲಗೆಯಲ್ಲಿ ತಾನಾಗಿ ನಿಲ್ಲುತ್ತದೆ. ಇಂತಹವರನ್ನು 'ಸಿನಿಮಾದವರು' ಎಂದು ತಳ್ಳಿಹಾಕುವ ವಿದ್ವಾಂಸರು, ಸಂಬಳವಿಲ್ಲದೆ ನಮ್ಮ ಶಾಲೆಗಳಲ್ಲಿ ಕೆಲಸ ಮಾಡಿದ ಒಬ್ಬ ಉಪಾಧ್ಯಾಯರನ್ನೇ ತಳ್ಳಿಹಾಕುತ್ತಿದ್ದಾರೆ.

ಅಷ್ಟೇ ಅಲ್ಲ. ರಾಜಕುಮಾರರು ನಮ್ಮ ಗಡಿಯವರೇ. ೧೯೨೯ರಲ್ಲಿ ಅವರು ಹುಟ್ಟಿದ ಗಾಜನೂರು ಇಂದು ನಮ್ಮ ನೆರೆಯ ಈರೋಡು ಜಿಲ್ಲೆಯ ತಾಳವಾಡಿ ಸೀಮೆಯಲ್ಲಿದೆ. ಹೆಚ್ಚು ಓದಿದವರಲ್ಲದ ಮುತ್ತುರಾಜರು ಗುಬ್ಬಿ ವೀರಣ್ಣನವರ ನಾಟಕ ಕಂಪೆನಿಯಲ್ಲಿ ಪಳಗಿ, ೧೯೫೪ರ 'ಬೇಡರ ಕಣ್ಣಪ್ಪ'ದಿಂದ ರಾಜಕುಮಾರರಾದರು. ಕನ್ನಡ ಚಲನಚಿತ್ರಗಳು ಬಹುಕಾಲ ತಯಾರಾದದ್ದು ಅಂದಿನ ಮದರಾಸಿನಲ್ಲಿ. ಅವರ ಕಿರಿಯ ಮಗ ಪುನೀತ್ ರಾಜಕುಮಾರ್ ೧೯೭೫ರಲ್ಲಿ ಹುಟ್ಟಿದ್ದೂ ಆ ನಗರದಲ್ಲಿಯೇ. ತಮಿಳುನಾಡಿನಲ್ಲಿರುವ ಕನ್ನಡಿಗನಿಗೆ ಇವರ ಮರಣವು ಮನೆಯ ಮರಣವೆನಿಸಿದರೆ ಅದರಲ್ಲಿ ನಾಚಿಕೆಪಡತಕ್ಕದ್ದೇನೂ ಇಲ್ಲ. ಅಳುವವನು ಅಳಲಿ.

ಇನ್ನು ಎರಡನೆಯ ಪಕ್ಷ. ೨೦೦೬ನೆಯ ಇಸವಿ ಏಪ್ರಿಲ್ ೧೨ರಂದು ರಾಜಕುಮಾರರು ಬೆಂಗಳೂರಿನ ತಮ್ಮ ಮನೆಯಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಸುದ್ದಿ ಹಬ್ಬಿದೊಡನೆ ಅಂಗಡಿಗಳ ಬಾಗಿಲು ಮುಚ್ಚಿತು. ಕಲ್ಲು ತೂರಾಟ ನಡೆಯಿತು, ವಾಹನಗಳು ಉರಿದವು. ಮರುದಿನ ಕಂಠೀರವ ಸ್ಟುಡಿಯೋದಲ್ಲಿ ಸಮಾಧಿಯಾಗುವ ಹೊತ್ತಿಗೆ ಲಾಠಿ, ಅಶ್ರುವಾಯು, ಗೋಲಿಬಾರುಗಳೆಲ್ಲ ಆಗಿಹೋಗಿದ್ದವು. ಎಂಟು ಮಂದಿ ಸತ್ತರು. ಅವರಲ್ಲಿ ಒಬ್ಬನು ಕರ್ತವ್ಯದಲ್ಲಿದ್ದ ಪೊಲೀಸಿನವನು, ಗುಂಪಿನವರ ಕೈಯಿಂದ ಹೊಡೆಸಿಕೊಂಡು ಸತ್ತವನು. ತನ್ನ ಅಭಿಮಾನಿಗಳನ್ನು ದೇವರೆಂದು ಕರೆದು ಕೈಮುಗಿಯುತ್ತಿದ್ದ ಒಬ್ಬ ಸಾಧುಮನುಷ್ಯನ ಉತ್ತರಕ್ರಿಯೆಗೆ ಎಂಟು ಮನೆಗಳು ಹೀಗೆ ತೆರಿಗೆ ತೆತ್ತವು. ಇದನ್ನು ಪ್ರೀತಿಯೆನ್ನುವುದಾದರೆ ದ್ವೇಷವೆಂದು ಯಾವುದನ್ನು ಕರೆಯಬೇಕು?

'ಅವರು ಅಭಿಮಾನಿಗಳಲ್ಲ, ಪುಂಡರು' ಎಂದು ಕೆಲವರು ಸಮಾಧಾನ ಹೇಳುತ್ತಾರೆ. ಪುಂಡರು ಇದ್ದರೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಪುಂಡನು ಹಬ್ಬದ ಗುಂಪಿನಲ್ಲಿಯೂ ಇರುತ್ತಾನೆ, ಜಾತ್ರೆಯಲ್ಲಿಯೂ ಇರುತ್ತಾನೆ. ಅಲ್ಲೆಲ್ಲ ಕೈಕಟ್ಟಿ ನಿಲ್ಲುವವನು ಇಲ್ಲಿ ಕಲ್ಲೆತ್ತಿದ್ದು ಏಕೆ? ಕಲ್ಲೆಸೆದರೆ ಅದು ಭಕ್ತಿಯೆನಿಸುತ್ತದೆ, ಪಕ್ಕದವನು ತಡೆಯುವುದಿಲ್ಲ ಎಂಬ ಧೈರ್ಯ ಅವನಿಗಿತ್ತು. ಆ ಧೈರ್ಯವನ್ನು ಕೊಟ್ಟವರು ಸುಮ್ಮನೆ ನಿಂತು ನೋಡಿದ ಸಾವಿರಾರು ಜನ ಸಜ್ಜನರು.

ಇನ್ನು ಕೆಲವರು 'ಸರ್ಕಾರದ ತಪ್ಪು' ಎನ್ನುತ್ತಾರೆ. ಇದರಲ್ಲಿ ಅರ್ಧ ಸತ್ಯವಿದೆ. ನಾಡಿನ ಮೂಲೆಮೂಲೆಯಿಂದ ಕೊನೆಯ ದರ್ಶನಕ್ಕೆ ಜನ ಹೊರಟಿದ್ದಾಗ, ಮರುದಿನವೇ ಅವಸರವಸರವಾಗಿ ಎಲ್ಲವೂ ಮುಗಿಯಿತು. ಜನಕ್ಕೆ ಸಾಲು ನಿಲ್ಲಲು ಎಡೆಯೂ ಇರಲಿಲ್ಲ, ವೇಳೆಯೂ ಇರಲಿಲ್ಲ. ಆದರೆ ದರ್ಶನ ಸಿಗಲಿಲ್ಲವೆಂಬ ನೋವು ಯಾರೋ ಬಡವನ ಅಂಗಡಿಯನ್ನು ಮುರಿಯುವ ಹಕ್ಕನ್ನು ಯಾರಿಗೂ ಕೊಡುವುದಿಲ್ಲ.

ಇದು ಕನ್ನಡಿಗರೊಬ್ಬರ ದೋಷವೆಂದು ಯಾರೂ ನಗಬೇಕಾಗಿಲ್ಲ. ೧೯೨೬ರಲ್ಲಿ ಮೂಕಚಿತ್ರಗಳ ನಟ ರುಡಾಲ್ಫ್ ವ್ಯಾಲೆಂಟಿನೋ ಸತ್ತಾಗ ನ್ಯೂಯಾರ್ಕಿನಲ್ಲಿ ಜನ ನೂಕಿ ಕಿಟಕಿಯ ಗಾಜುಗಳನ್ನು ಒಡೆದರು, ಅನೇಕರು ಗಾಯಗೊಂಡರು. ೧೯೮೭ರ ಡಿಸೆಂಬರ್ ೨೪ರಂದು ಎಂ. ಜಿ. ರಾಮಚಂದ್ರನ್ ತೀರಿಕೊಂಡಾಗ ಮದರಾಸಿನ ಬೀದಿಗಳು ಕಂಡ ಲೂಟಿಯನ್ನೂ, ತಮಿಳುನಾಡಿನ ಊರೂರುಗಳಲ್ಲಿ ಹೋದ ಪ್ರಾಣಗಳನ್ನೂ ನಮ್ಮ ಹಿರಿಯರು ಇಂದಿಗೂ ಹೇಳುತ್ತಾರೆ. ೧೯೭೫ರಲ್ಲಿ ಕೈರೋ ನಗರದಲ್ಲಿ ಗಾಯಕಿ ಉಮ್ ಕುಲ್ಸುಮ್ ತೀರಿಕೊಂಡಾಗಲೂ ಜನಸಾಗರವೇ ಬೀದಿಗಿಳಿಯಿತು. ಹೊತ್ತವರ ಕೈಯಿಂದ ಶವಪೆಟ್ಟಿಗೆಯನ್ನು ತಾವೇ ತೆಗೆದುಕೊಂಡು, ಹೆಗಲಿಂದ ಹೆಗಲಿಗೆ ದಾಟಿಸುತ್ತ ಗಂಟೆಗಟ್ಟಲೆ ಊರೆಲ್ಲ ಮೆರೆಸಿದರು. ಅಲ್ಲಿಯೂ ಸರ್ಕಾರದ ವ್ಯವಸ್ಥೆ ಮುರಿಯಿತು. ಆದರೆ ಆ ಕೈಗಳಲ್ಲಿ ಇದ್ದದ್ದು ಹೊರೆ, ಕಲ್ಲಲ್ಲ. ಗುಂಪು ಕೂಡಿದ ಮಾತ್ರಕ್ಕೆ ಗಲಭೆ ಆಗಲೇಬೇಕೆಂಬ ನಿಯಮವೇನೂ ಇಲ್ಲವೆಂದು ಇದರಿಂದ ಸಿದ್ಧವಾಗುತ್ತದೆ.

ನಮ್ಮ ಅಭಿಮಾನದಲ್ಲಿ ಇನ್ನೂ ಒಂದು ಕೊರತೆಯಿದೆ. ನಾವು ಮುಖಕ್ಕೆ ಅಳುತ್ತೇವೆ, ದನಿಗೆ ಅಳುವುದಿಲ್ಲ. ೧೯೭೪ರ 'ಸಂಪತ್ತಿಗೆ ಸವಾಲ್' ಬರುವವರೆಗೆ ತೆರೆಯ ಮೇಲಿನ ರಾಜಕುಮಾರರ ಹಾಡಿನ ದನಿ ಬಹುಮಟ್ಟಿಗೆ ಪಿ. ಬಿ. ಶ್ರೀನಿವಾಸರದು. ತೆಲುಗುನಾಡಿನಲ್ಲಿ ಹುಟ್ಟಿ, ಮದರಾಸಿನಲ್ಲಿ ಬಾಳಿ, ಅಚ್ಚಗನ್ನಡದಲ್ಲಿ ಹಾಡಿದ ಆ ಮಹನೀಯರು ೨೦೧೩ರ ಏಪ್ರಿಲ್ ೧೪ರಂದು ಚೆನ್ನೈಯಲ್ಲಿ ತೀರಿಕೊಂಡರು. ೨೦೦೯ರ ಡಿಸೆಂಬರ್ ೨೯ರಂದು, ಶಿಶುನಾಳ ಷರೀಫರ ಪದಗಳನ್ನು ಮನೆಮನೆಗೆ ಮುಟ್ಟಿಸಿದ ಸಿ. ಅಶ್ವತ್ಥರು ತಮ್ಮ ಎಪ್ಪತ್ತನೆಯ ಹುಟ್ಟುಹಬ್ಬದ ದಿನವೇ ಕಣ್ಮುಚ್ಚಿದರು. ಮರುದಿನವೇ ನಟ ವಿಷ್ಣುವರ್ಧನರು ಮೈಸೂರಿನಲ್ಲಿ ತೀರಿಕೊಂಡರು. ಬೆಂಗಳೂರಿನಲ್ಲಿ ಮತ್ತೆ ಕಲ್ಲು ಹಾರಿತು, ಅಶ್ವತ್ಥರ ಸುದ್ದಿ ಹಿಂದಿನ ಪುಟಕ್ಕೆ ಸರಿಯಿತು. ಕಲ್ಲು ಹಾರಿದ್ದು ವಿಷ್ಣುವರ್ಧನರಿಗೆ ಗೌರವವಾಗಲಿಲ್ಲ. ಹಾರದಿದ್ದದ್ದು ಅಶ್ವತ್ಥರಿಗೆ ಅವಮಾನವೂ ಆಗಲಿಲ್ಲ. ಆದರೆ ಒಬ್ಬನ ಯೋಗ್ಯತೆಯನ್ನು ಉರಿದ ಬಸ್ಸುಗಳ ಲೆಕ್ಕದಿಂದ ಅಳೆಯುವ ಕೆಟ್ಟ ರೂಢಿಯು ಇಂತಹ ಸಂದರ್ಭಗಳಲ್ಲಿಯೇ ಬೇರುಬಿಡುತ್ತದೆ.

ಹಾಗಾದರೆ ಜನ ಕಲಿಯುವುದೇ ಇಲ್ಲವೇ? ಕಲಿಯುತ್ತಾರೆ. ೨೦೨೧ರ ಅಕ್ಟೋಬರ್ ೨೯ರಂದು ಪುನೀತ್ ರಾಜಕುಮಾರ್ ತಮ್ಮ ೪೬ನೆಯ ವಯಸ್ಸಿನಲ್ಲಿ ಹಠಾತ್ತಾಗಿ ತೀರಿಕೊಂಡರು. ೨೦೦೬ನ್ನು ನೆನೆದು ಎಲ್ಲರೂ ನಡುಗಿದರು. ಆದರೆ ಸರ್ಕಾರವು ಆ ಸಲ ಮದ್ಯದಂಗಡಿಗಳನ್ನು ಮುಚ್ಚಿಸಿತು, ಕಂಠೀರವ ಕ್ರೀಡಾಂಗಣದಲ್ಲಿ ದರ್ಶನಕ್ಕೆ ಸಾಕಷ್ಟು ಕಾಲಾವಕಾಶ ಕೊಟ್ಟಿತು. ಲಕ್ಷಾಂತರ ಜನ ಹಗಲೂ ರಾತ್ರಿಯೂ ಸಾಲಿನಲ್ಲಿ ನಿಂತು ನಡೆದುಹೋದರು. ಅಮೆರಿಕೆಯಿಂದ ಮಗಳು ಬಂದು ತಂದೆಯ ಮುಖ ಕಂಡ ಮೇಲೆ, ಅಕ್ಟೋಬರ್ ೩೧ರ ಮುಂಜಾನೆ ತಂದೆತಾಯಿಗಳ ಸಮಾಧಿಯ ಬಳಿಯಲ್ಲಿಯೇ ಅವರನ್ನು ಮಣ್ಣು ಮಾಡಿದರು. ಅದೇ ಬೆಂಗಳೂರು, ಅದೇ ಮನೆತನ, ಅದೇ ಅಭಿಮಾನಿಗಳು. ಹದಿನೈದು ವರ್ಷಗಳಲ್ಲಿ ನಡತೆ ಬದಲಾಯಿತು. 'ಜನರ ಸ್ವಭಾವವೇ ಹಾಗೆ' ಎಂದು ಕೈಚೆಲ್ಲುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕೆ?

ಅದಕ್ಕೂ ಮಿಗಿಲಾದ ಒಂದು ಸಂಗತಿ ನಡೆಯಿತು. ತಂದೆಯಂತೆಯೇ ಮಗನ ಕಣ್ಣುಗಳನ್ನೂ ದಾನ ಮಾಡಲಾಯಿತು. ಬೆಂಗಳೂರಿನ ನಾರಾಯಣ ನೇತ್ರಾಲಯದ ವೈದ್ಯರು ಆ ಎರಡು ಕಣ್ಣುಗಳ ಪಾರದರ್ಶಕ ಪಟಲಗಳನ್ನು ಪದರ ಬಿಡಿಸಿ, ನಾಲ್ವರಿಗೆ ಕಸಿ ಮಾಡಿದರು. ಇದನ್ನು ಕೇಳಿದ ಸಾಮಾನ್ಯ ಜನರು ತಮ್ಮ ಕಣ್ಣುಗಳನ್ನೂ ಬರೆದುಕೊಡಲು ಮುಂದೆ ಬಂದರು. ಕಟ್ಟಿಗೆಯ ಚಿತ್ರಕ್ಕೆ ಕೊಡಗಟ್ಟಲೆ ಹಾಲು ಸುರಿಯುವುದೂ ಅಭಿಮಾನವೇ, ಕುರುಡನಿಗೆ ಕಣ್ಣು ಕೊಡುವುದೂ ಅಭಿಮಾನವೇ. ಆದರೆ ಒಂದರಿಂದ ಚರಂಡಿ ಬೆಳ್ಳಗಾಗುತ್ತದೆ, ಇನ್ನೊಂದರಿಂದ ಒಬ್ಬನ ಲೋಕವೇ ಬೆಳಗಾಗುತ್ತದೆ.

ಆದರೂ ಆಗ ಕೇಳಿದ ಒಂದು ಸುದ್ದಿಯನ್ನು ನಾವು ಮರೆಮಾಚಲಾರೆವು. ಕೆಲವರು ದುಃಖ ತಾಳಲಾರದೆ ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರು. ಪುನೀತರ ಮನೆಯವರೇ, ತಮ್ಮ ಶೋಕದ ನಡುವೆ, ಅಂತಹ ಕೆಲಸಕ್ಕೆ ಕೈಹಾಕಬೇಡಿರೆಂದು ಬೇಡಿಕೊಳ್ಳಬೇಕಾಯಿತು. ಇಂತಹವರನ್ನು 'ಪರಮ ಅಭಿಮಾನಿ' ಎಂದು ಬರೆದು ಚಿತ್ರಪಟ ಹಾಕಿ ಮೆರೆಸುವುದನ್ನು ನಾವು ಬಲವಾಗಿ ವಿರೋಧಿಸುತ್ತೇವೆ. ಅಂತಹ ಒಂದೊಂದು ಹೊಗಳಿಕೆಯೂ ಇನ್ನೊಬ್ಬ ಎಳೆಯನಿಗೆ ಕೆಟ್ಟ ಪಾಠ. ಹುಡುಗರೆ, ನೀವು ಮೆಚ್ಚಿದವನು ನಿಮ್ಮಿಂದ ಬಯಸಿದ್ದು ಚಪ್ಪಾಳೆಯನ್ನು, ನಿಮ್ಮ ಉಸಿರನ್ನಲ್ಲ. ಎದೆ ಭಾರವಾದಾಗ ತಾಯಿಯೊಡನೆ ಹೇಳಿರಿ, ಗೆಳೆಯನೊಡನೆ ಹೇಳಿರಿ, ನಿಮ್ಮ ಮೇಷ್ಟರೊಡನೆ ಹೇಳಿರಿ. ಕೇಳಿ ನಕ್ಕುಬಿಡುವ ಮೇಷ್ಟರು ಮೇಷ್ಟರಲ್ಲ.

ಈಗ ಮುಖ್ಯ ಮಾತಿಗೆ ಬರುತ್ತೇವೆ. ೧೯೮೨ರಲ್ಲಿ ಗೋಕಾಕ್ ವರದಿಯ ಜಾರಿಗಾಗಿ ರಾಜಕುಮಾರರು ಕರ್ನಾಟಕದ ಊರೂರು ಸುತ್ತಿದರು. ಅವರು ಕೇಳಿದ್ದೇನು? ಶಾಲೆಯಲ್ಲಿ ಕನ್ನಡಕ್ಕೆ ಸಲ್ಲತಕ್ಕ ಸ್ಥಾನವನ್ನು. ತನ್ನ ಹೆಸರಿನಲ್ಲಿ ಬೀದಿಯಾಗಬೇಕೆಂದಾಗಲಿ, ತನ್ನ ಪ್ರತಿಮೆ ನಿಲ್ಲಬೇಕೆಂದಾಗಲಿ ಅಲ್ಲ. ಅವರು ತೀರಿಕೊಂಡ ೨೦೦೬ನೆಯ ಇಸವಿಯಲ್ಲಿಯೇ ತಮಿಳುನಾಡಿನಲ್ಲಿ ತಮಿಳು ಕಲಿಕೆಯ ಕಾನೂನು ಬಂದಿತು. ಒಂದನೆಯ ತರಗತಿಯಿಂದ ಮೊದಲ್ಗೊಂಡು ವರ್ಷವರ್ಷವೂ ಮೇಲೇರುತ್ತ ಎಲ್ಲ ಮಕ್ಕಳೂ ತಮಿಳನ್ನು ಕಲಿಯಬೇಕೆಂದು ವಿಧಿಸಿತು. ತಮಿಳು ಕಲಿಯಬಾರದೆಂದು ನಾವೆಂದೂ ಹೇಳಿದವರಲ್ಲ. ಅದರ ಪಕ್ಕದಲ್ಲಿ ನಮ್ಮ ತಾಯ್ನುಡಿಗೂ ಒಂದು ಮಣೆ ಇರಲೆಂಬುದಷ್ಟೇ ನಮ್ಮ ಬೇಡಿಕೆ. ಗಡಿಯ ಆಚೆ ರಾಜ್ಯದ ಭಾಷೆಗೆ ಮೊದಲ ಸ್ಥಾನ ಕೇಳಿದ ನ್ಯಾಯವೇ ಗಡಿಯ ಈಚೆ ಇನ್ನೊಂದು ಭಾಷೆಗೆ ಕೇಳಿಬಂದಾಗ, ನಡುವೆ ಇರುವ ನಾವು ಎರಡನ್ನೂ ಬಿಡದೆ ಬದುಕುವುದನ್ನು ಕಲಿಯಬೇಕಾಗಿದೆ.

ಆ ಮಣೆಯನ್ನು ಉಳಿಸಿಕೊಳ್ಳಬೇಕಾದರೆ ತರಗತಿಯಲ್ಲಿ ಮಕ್ಕಳು ಕೂತಿರಬೇಕು. ಸತ್ತ ನಟನ ಚಿತ್ರಪಟಕ್ಕೆ ನೂರು ರೂಪಾಯಿ ಚಂದಾ ಕೊಡುವ ತಂದೆಯು ತನ್ನ ಮಗನಿಗೆ ಕನ್ನಡ ಅಕ್ಷರ ಕಲಿಸುವುದಿಲ್ಲವೆಂದರೆ, ಆ ನಟನ ಹೆಸರನ್ನು ಅವನು ಬೋಧಿಸಿದ ಭಾಷೆಯಲ್ಲಿ ಓದಬಲ್ಲವರು ಮುಂದಿನ ತಲೆಮಾರಿನಲ್ಲಿ ಯಾರು? ಅಭಿಮಾನಿಯ ಮಗನು ಕನ್ನಡ ಓದಲಾರನೆಂಬುದು ಕಲ್ಲೇಟಿಗಿಂತ ದೊಡ್ಡ ಪೆಟ್ಟು. ಅದರ ಗಾಯ ಕಾಣಿಸುವುದಿಲ್ಲ, ಅಷ್ಟೇ.

ಆದುದರಿಂದ ಉಪಾಧ್ಯಾಯ ಬಂಧುಗಳಲ್ಲಿ ನಮ್ಮ ವಿಜ್ಞಾಪನೆ ಇದು. ಜನಮೆಚ್ಚಿದ ಕಲಾವಿದನೊಬ್ಬನು ತೀರಿಕೊಂಡ ಮರುದಿನ 'ಪಾಠ ನಡೆಯಲಿ' ಎಂದು ಹಲಗೆಯ ಕಡೆಗೆ ತಿರುಗಿಬಿಡಬೇಡಿರಿ. ಮಕ್ಕಳ ಮನಸ್ಸು ಅಂದು ಪುಸ್ತಕದಲ್ಲಿ ಇರುವುದಿಲ್ಲ. ಅರ್ಧ ಗಂಟೆ ಅವರು ಮಾತಾಡಲಿ. ಮೆಚ್ಚಿದ ಹಾಡನ್ನು ಹಾಡಲಿ. ಹಾಡಿದವರು ಯಾರು, ಬರೆದವರು ಯಾರು, ರಾಗ ಕಟ್ಟಿದವರು ಯಾರೆಂದು ಕೇಳಿ ತಿಳಿಯಲಿ. ದೊಡ್ಡ ತರಗತಿಯವರು ಹತ್ತು ಸಾಲು ಕನ್ನಡದಲ್ಲಿ ಬರೆಯಲಿ. ಕಣ್ಣುದಾನವೆಂದರೇನೆಂದು ತಿಳಿಸಿರಿ, ಅವರು ಅದನ್ನು ಮನೆಗೆ ಒಯ್ದು ಹಿರಿಯರಿಗೆ ಹೇಳುತ್ತಾರೆ. ಗುಂಪಿನಲ್ಲಿ ಒಬ್ಬನು ಕಲ್ಲೆತ್ತಿದಾಗ ಪಕ್ಕದವನು ಅವನ ಕೈಹಿಡಿಯಬೇಕೆಂಬುದನ್ನು ಗುಣಾಕಾರದ ಮಗ್ಗಿಯಂತೆ ಬಾಯಿಪಾಠ ಮಾಡಿಸಿರಿ.

ಇಷ್ಟನ್ನು ಮಾಡಲು ಸರ್ಕಾರದ ಆಜ್ಞೆಯೂ ಬೇಡ, ಹಣವೂ ಬೇಡ. ಇನ್ನು ಮುಂದೆಯೂ ಜನರು ಮೆಚ್ಚಿದವರು ಸಾಯುತ್ತಾರೆ, ಜನರು ಅಳುತ್ತಾರೆ. ಆ ದಿನ ನಮ್ಮ ಶಂಕಗಿರಿಯ ಹುಡುಗನೊಬ್ಬನು ಬೆಂಗಳೂರಿನ ಬೀದಿಯಲ್ಲಿದ್ದರೆ ಅವನು ಯಾವ ಸಾಲಿನಲ್ಲಿ ನಿಲ್ಲಬೇಕೆಂಬುದನ್ನು ನಿಶ್ಚಯಿಸುವ ಕಾಲ ಆ ದಿನವಲ್ಲ. ಈ ದಿನ, ನಮ್ಮ ತರಗತಿಯಲ್ಲಿ.