ಮೊರಕ್ಕೆ ಚೌಕಾಸಿ, ದೋಣಿಗೆ ಚಪ್ಪಾಳೆ

ಕಳೆದ ಗೌರಿ ಹಬ್ಬದ ಹಿಂದಿನ ದಿನ ನಾವು ಓರಗಿತ್ತಿಯರೆಲ್ಲ ಕಡೂರಿನ ದೊಡ್ಡ ಮನೆಯಲ್ಲಿ ಸೇರಿದ್ದೆವು. ಬಾಗಿನಕ್ಕೆ ಮೊರ ಬೇಕಲ್ಲ, ಬಾಗಿಲಿಗೇ ಬಂದ ಹೆಂಗಸನ್ನು ಜಗಲಿಯ ಮುಂದೆ ನಿಲ್ಲಿಸಿಕೊಂಡು ಚೌಕಾಸಿಗೆ ಇಳಿದೆವು. ಜೊತೆಗೆ 120 ರೂಪಾಯಿ ಎಂದವಳನ್ನು 90ಕ್ಕೆ ತಂದು ನಿಲ್ಲಿಸಿದೆವು. “ನಾಲ್ಕು ದಬ್ಬೆ ಹೆಣೆಯೋಕೆ ಇಷ್ಟು ದುಡ್ಡೇನೇ?” ಎಂದು ನಮ್ಮಲ್ಲೊಬ್ಬರು ಕೇಳಿದರು. ಅವಳು ಏನೂ ಹೇಳದೆ ಮೊರ ಎಣಿಸಿಟ್ಟು ಹೋದಳು.

ಅವಳು ಗೇಟು ದಾಟಿದಳೋ ಇಲ್ಲವೋ, ಅಮೆರಿಕದಿಂದ ಭಾವನವರ ಮಗನ ಫೋನು ಬಂತು. ಅವನಿರುವುದು ಮಿನ್ನೆಸೋಟಾದಲ್ಲಿ, ಕೆರೆಗಳ ಸೀಮೆ. ಆರು ತಿಂಗಳ ಶನಿವಾರ ಭಾನುವಾರಗಳನ್ನೆಲ್ಲ ಸುರಿದು ಮನೆಯ ಗ್ಯಾರೇಜಿನಲ್ಲೇ ತನ್ನ ಕೈಯಾರೆ ಒಂದು ಕನೂ ದೋಣಿ ಮಾಡಿದ್ದಾನೆ. ಅದರ ಫೋಟೋಗಳು ಕೈಯಿಂದ ಕೈಗೆ ಹೋದವು. ನೋಡಲು ನಿಜಕ್ಕೂ ಚೆಂದ. ಸೀಡರ್ ಎಂಬ ಹಗುರ ಮರವನ್ನು ಕಾಲು ಇಂಚು ದಪ್ಪದ ಉದ್ದುದ್ದ ಪಟ್ಟಿಗಳಾಗಿ ಸೀಳುತ್ತಾರಂತೆ. ಸಾಲಾಗಿ ನಿಲ್ಲಿಸಿದ ಅಚ್ಚುಗಳ ಮೇಲೆ ಆ ಪಟ್ಟಿಗಳನ್ನು ಬಾಗಿಸಿ, ಅಂಚಿಗೆ ಅಂಚು ಅಂಟಿಸುತ್ತಾ ಹೋಗುತ್ತಾರೆ. ಉಪ್ಪುಕಾಗದದಿಂದ ತಿಕ್ಕಿ ನಯ ಮಾಡಿ, ಒಳಗೂ ಹೊರಗೂ ಗಾಜಿನ ನಾರಿನ ಬಟ್ಟೆ ಹೊದಿಸಿ, ಎಪಾಕ್ಸಿ ಅಂಟು ಬಳಿದರೆ ನೀರು ಒಳಬರುವುದಿಲ್ಲ. ಮರದ ಬಣ್ಣವೂ ಮಾಸದೆ ಕಾಣುತ್ತದೆ. ಒಬ್ಬನೇ ಹೆಗಲ ಮೇಲೆ ಹೊತ್ತು ನಡೆಯಬಹುದಾದಷ್ಟು ಹಗುರ.

“ಏನು ಕೈಗುಣ! ಏನು ತಾಳ್ಮೆ!” ಎಂದರು ನಮ್ಮವರು. ಜಗಲಿಯ ಮೇಲೆ ಆಗತಾನೇ ಚೌಕಾಸಿ ಮಾಡಿ ಕೊಂಡ ಮೊರಗಳಿದ್ದವು. ಅಲ್ಲಿಯೂ ಸೀಳಿದ ಪಟ್ಟಿ, ಇಲ್ಲಿಯೂ ಸೀಳಿದ ಪಟ್ಟಿ. ಒಂದು ಕಲೆಯಾಯಿತು, ಇನ್ನೊಂದು ‘ನಾಲ್ಕು ದಬ್ಬೆ’ಯಾಯಿತು. ಯಾಕೆ, ಹೇಳಿ?

ಆ ಹುಡುಗನ ಮೇಲೆ ನನ್ನ ಸಿಟ್ಟಿಲ್ಲ. ನಿಜ ಹೇಳಬೇಕೆಂದರೆ ಆ ದಿನ ಸರಿಯಾದ ಪ್ರಶ್ನೆ ಕೇಳಿದವನು ಅವನೊಬ್ಬನೇ. “ಚಿಕ್ಕಮ್ಮ, ನಮ್ಮ ಕಡೆ ಹರಿಗೋಲು ಹೆಣೆಯೋದನ್ನ ಎಲ್ಲಿಂದ ಶುರು ಮಾಡ್ತಾರೆ? ಯಾರನ್ನಾದ್ರೂ ಕೇಳಿ ಹೇಳ್ತೀರಾ?” ಎಂದ. ಎಲ್ಲರೂ ನಕ್ಕರು. “ಅಮೆರಿಕದಲ್ಲಿದ್ದುಕೊಂಡು ಹರಿಗೋಲು ಕೇಳ್ತಾನೆ ನೋಡು” ಎಂದು ಅವನ ತಾಯಿಯೇ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ಹರಿಗೋಲು ಹೆಣೆಯುವುದನ್ನು ನಾನು ಕಣ್ಣಾರೆ ಕಂಡವಳು. ಕಂಡ ಸಂದರ್ಭ ಮಾತ್ರ ಹೆಮ್ಮೆಯದಲ್ಲ.

ಇಪ್ಪತ್ತು ವರ್ಷಕ್ಕೂ ಹಿಂದೆ ತರೀಕೆರೆ ಕಡೆಯ ಶಾಲೆಯೊಂದರಲ್ಲಿ ಎಂಟನೇ ತರಗತಿಗೆ ಗಣಿತ ಹೇಳುತ್ತಿದ್ದೆ. ಒಬ್ಬ ಹುಡುಗಿ ಮನೆಲೆಕ್ಕ ಮಾಡಿಕೊಂಡು ಬರುತ್ತಿರಲಿಲ್ಲ. ಬೆರಳ ತುಂಬ ಗೀರು ಗಾಯ. ಒಂದು ದಿನ ತರಗತಿಯಲ್ಲಿ ಎಲ್ಲರೆದುರಿಗೆ, “ಹೀಗೇ ಇದ್ದರೆ ಜೀವನವೆಲ್ಲ ಬಿದಿರು ಸೀಳಿಕೊಂಡೇ ಇರ್ತೀಯ” ಎಂದುಬಿಟ್ಟೆ. ಮಕ್ಕಳು ನಕ್ಕರು. ಮರುದಿನದಿಂದ ಅವಳು ಬರಲಿಲ್ಲ. ವಾರ ಕಳೆದ ಮೇಲೆ ಮನೆ ಹುಡುಕಿಕೊಂಡು ಹೋದೆ.

ಅಂಗಳದಲ್ಲಿ ಅವಳ ಅಪ್ಪ ಅಮ್ಮ ಹರಿಗೋಲು ಹೆಣೆಯುತ್ತಿದ್ದರು. ಲಕ್ಕವಳ್ಳಿಯ ಭದ್ರಾ ಹಿನ್ನೀರಿನಲ್ಲಿ ಮೀನು ಹಿಡಿಯುವವರೊಬ್ಬರು ಹೇಳಿ ಮಾಡಿಸುತ್ತಿದ್ದದ್ದು. ದಬ್ಬೆಗಳನ್ನು ನೆಲದ ಮೇಲೆ ಅಡ್ಡಡ್ಡ ಹಾಸಿ, ನಡುವಿನಿಂದ ಹೊರಕ್ಕೆ ಹೆಣೆಯುತ್ತಿದ್ದರು; ನಡುವೆ ಭಾರಕ್ಕೆ ಕಲ್ಲು. ತಳ ಮುಗಿದ ಮೇಲೆ ದಬ್ಬೆಯ ತುದಿಗಳನ್ನು ಮೇಲಕ್ಕೆ ಬಾಗಿಸಿ, ಸುತ್ತ ದಪ್ಪ ಅಂಚು ಕಟ್ಟಬೇಕು. ಹಿಂದೆ ಹೊರಗಡೆಗೆ ಚರ್ಮ ಹೊದಿಸುತ್ತಿದ್ದರು. ಅವರು ಪ್ಲಾಸ್ಟಿಕ್ ಚೀಲಗಳನ್ನು ಹೊಲಿದು ಇಟ್ಟಿದ್ದರು, ಮೇಲೆ ಡಾಂಬರು ಬಳಿಯುವುದಕ್ಕೆ. ಅಚ್ಚಿಲ್ಲ, ನಕ್ಷೆಯಿಲ್ಲ. ನನ್ನ ಶಿಷ್ಯೆ ನೆಲಕ್ಕೆ ಒಂದು ಗೂಟ ಬಡಿದು, ಅದಕ್ಕೆ ಹಗ್ಗ ಕಟ್ಟಿ, ಸುತ್ತಲೂ ನಡೆದು ವೃತ್ತ ಎಳೆದಳು. ಅಂಚಿಗೆ ಎಷ್ಟು ಉದ್ದದ ದಬ್ಬೆ ಬೇಕೆಂದು ಅವಳಮ್ಮ ಕೇಳಿದರೆ, ಹಗ್ಗವನ್ನು ಆರು ಸಲ ಅಳೆದು, ಮೇಲೆ ಒಂದು ಗೇಣು ಸೇರಿಸಿ ಹೇಳಿದಳು. ನಾನು ಆ ತಿಂಗಳು ತರಗತಿಯಲ್ಲಿ ಕಂಪಾಸು ಹಿಡಿದು ಕಲಿಸುತ್ತಿದ್ದದ್ದು ವೃತ್ತದ ಪರಿಧಿಯನ್ನೇ!

“ನಾಳೆಯಿಂದ ಬಾಮ್ಮ” ಎಂದೆ. ಬಂದಳು. ಆದರೆ ಬೇಸಿಗೆ ರಜೆ ಕಳೆದ ಮೇಲೆ ಬರಲಿಲ್ಲ. ನನ್ನ ಮಾತೊಂದೇ ಕಾರಣವೆಂದು ಹೇಳಲಾರೆ; ಬಡತನಕ್ಕೆ ನೂರು ಕಾರಣ. ಆ ನೂರಕ್ಕೆ ನಾನೂ ಒಂದನ್ನು ಸೇರಿಸಿದೆ, ಅಷ್ಟು ನಿಜ.

ಆದ್ದರಿಂದ ಗೆಳತಿಯರೇ, ಈ ಜಗಳ ಮೊದಲು ನನ್ನೊಂದಿಗೆ, ಆಮೇಲೆ ನಿಮ್ಮೊಂದಿಗೆ. ‘ಓದದಿದ್ದರೆ ಬುಟ್ಟಿ ಹೆಣಿ’, ‘ದನ ಕಾಯಿ’ ಎಂದು ನಾವು ಮಕ್ಕಳನ್ನು ಬೈಯುತ್ತೇವೆ. ನಾವು ಬೈಗುಳ ಮಾಡಿಕೊಂಡದ್ದು ಮತ್ತೊಬ್ಬರ ಮನೆಯ ಅನ್ನವನ್ನು. ಹನ್ನೆರಡನೆಯ ಶತಮಾನದಲ್ಲಿ ಬಿದಿರಿನ ಕಾಯಕದ ಮೇದಾರ ಕೇತಯ್ಯನವರೂ ಹುಟ್ಟು ಹಾಕುವ ಅಂಬಿಗರ ಚೌಡಯ್ಯನವರೂ ಶರಣರ ಸಾಲಿನಲ್ಲಿ ಕುಳಿತು ವಚನ ಬರೆದರು. ಪ್ರತಿ ಜನವರಿ 21ರಂದು ಚೌಡಯ್ಯನವರ ಭಾವಚಿತ್ರಕ್ಕೆ ಹಾರ ಹಾಕಿ, ‘ಕಾಯಕವೇ ಕೈಲಾಸ’ ಎಂದು ನಾವು ಶಿಕ್ಷಕಿಯರೇ ಭಾಷಣ ಮಾಡುತ್ತೇವೆ. ಮರುದಿನ ತರಗತಿಯಲ್ಲಿ ಅದೇ ಕಾಯಕದ ಮಗುವಿಗೆ ‘ಬಿದಿರು ಸೀಳು ಹೋಗು’ ಎನ್ನುತ್ತೇವೆ!

ನಮ್ಮದನ್ನು ಪರದೇಶದವರು ಹೊಗಳಿದರೇ ಬೆಲೆ ಎನ್ನುವುದಾದರೆ ಅದೂ ಇದೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್, ತುಂಗಭದ್ರೆಯನ್ನು ದಾಟಿಸುವ ಬುಟ್ಟಿಯಂಥ ದುಂಡು ದೋಣಿಗಳನ್ನು ಕಂಡು ಬರೆದಿಟ್ಟಿದ್ದಾನೆ. ಹೊರಗೆ ಚರ್ಮ, ಹದಿನೈದು ಇಪ್ಪತ್ತು ಜನ ಹಿಡಿಸುತ್ತಿದ್ದವಂತೆ. ಕುದುರೆ ಎತ್ತುಗಳನ್ನೂ ದಾಟಿಸುತ್ತಿದ್ದರಂತೆ. ಇನ್ನು ನಮ್ಮ ಹುಡುಗ ಮಾಡಿದ ಕನೂವಿನ ಮೂಲ ಅಮೆರಿಕದ ಮೂಲನಿವಾಸಿಗಳದ್ದು. ಬರ್ಚ್ ಮರದ ತೊಗಟೆಯಿಂದ ಅವರು ದೋಣಿ ಕಟ್ಟುತ್ತಿದ್ದಾಗ, ಆ ತೊಗಟೆಯನ್ನು ಮರದ ಬೇರಿನಿಂದ ಹೊಲಿಯುವ ಕೆಲಸ ಹೆಂಗಸರದು. ಅವರನ್ನೂ ಒಂದು ಕಾಲದಲ್ಲಿ ಬಿಳಿಯರು ಕಾಡುಜನ ಎಂದೇ ಕರೆದರು. ಇವತ್ತು ಅವರ ದೋಣಿಯ ಆಕಾರವನ್ನು ಸಾಫ್ಟ್‌ವೇರಿನವರು ಗ್ಯಾರೇಜಿನಲ್ಲಿ ಪ್ರೀತಿಯಿಂದ ತಿದ್ದುತ್ತಾರೆ. ಕೆಲಸ ಅದೇ, ಮಾಡುವವರು ಬದಲಾದ ಕೂಡಲೇ ಗೌರವ ಬಂತು.

“ಹಾಗಾದರೆ ಮೇದರ ಮಗಳು ಬಿದಿರನ್ನೇ ಸೀಳುತ್ತಿರಬೇಕೆ ಮೇಡಂ?” ಎಂದು ಸಹೋದ್ಯೋಗಿಯೊಬ್ಬರು ನನ್ನನ್ನು ಕೇಳಿದರು. ಖಂಡಿತ ಬೇಡ. ಅವಳು ಎಂಜಿನಿಯರಾಗಲಿ, ಡಾಕ್ಟರಾಗಲಿ. ನಮ್ಮ ಹುಡುಗ ಹೊಟ್ಟೆ ತುಂಬಿದ ಮೇಲೆ ಇಷ್ಟಪಟ್ಟು ಮಾಡಿದ, ಅವಳು ಹೊಟ್ಟೆಗಾಗಿ ಮಾಡಿದಳು; ಆ ವ್ಯತ್ಯಾಸ ನನಗೆ ಗೊತ್ತಿದೆ. ಆದರೆ ಅವಳು ಓದಬೇಕಾದರೆ ತನ್ನ ಅಪ್ಪ ಅಮ್ಮನ ಕಸುಬಿಗೆ ಮೊದಲು ನಾಚಬೇಕೆಂಬ ಕಟ್ಟಳೆ ಯಾರದು? ಅದು ಪಠ್ಯಪುಸ್ತಕದಲ್ಲಿಲ್ಲ. ನಮ್ಮ ನಾಲಿಗೆಯಲ್ಲಿದೆ.

ಕಾಯಿದೆಗೇ ಬಿದಿರು ಏನೆಂದು ತಿಳಿಯಲು ಎಷ್ಟು ಕಾಲ ಬೇಕಾಯಿತು ನೋಡಿ. 1927ರ ಅರಣ್ಯ ಕಾಯಿದೆ ಅದನ್ನು ಮರವೆಂದೇ ಎಣಿಸಿತ್ತು. ಅದು ಹುಲ್ಲಿನ ಜಾತಿ. ಕಾಡಿನ ಹೊರಗೆ ಬೆಳೆದ ಬಿದಿರನ್ನು ಆ ಪಟ್ಟಿಯಿಂದ ತೆಗೆದದ್ದು 2017ರಲ್ಲಿ. ಕಾಯಿದೆ ತಿದ್ದಿಕೊಂಡಿತು. ನಾವು ಯಾವಾಗ?

ನಾನೀಗ ಅಜ್ಜಂಪುರದಲ್ಲಿದ್ದೇನೆ. ಹಬ್ಬ ಮುಗಿಸಿ ಬಂದವಳು, ವೃತ್ತದ ಪಾಠದ ದಿನ ಬುಟ್ಟಿ ಹೆಣೆಯುವ ಒಬ್ಬ ತಾಯಿಯನ್ನು ತರಗತಿಗೆ ಕರೆಸಿದೆ. ಕುರ್ಚಿ ಹಾಕಿಸಿದೆ, ಒಂದು ದಿನದ ಕೂಲಿಯನ್ನು ಲಕೋಟೆಯಲ್ಲಿಟ್ಟು ಕೊಟ್ಟೆ. ಮಕ್ಕಳು ‘ಟೀಚರ್’ ಎಂದೇ ಅವರನ್ನು ಕರೆದರು. ಮಾರನೆಯ ದಿನ ಪೋಷಕರೊಬ್ಬರು ಬಂದು, “ನಮ್ಮ ಮಗಳಿಗೆ ಬುಟ್ಟಿ ಹೆಣೆಯೋದು ಕಲಿಸ್ತೀರಾ?” ಎಂದು ಜೋರು ಮಾಡಿದರು. “ಹೌದು, ಇದನ್ನೇ ಅಮೆರಿಕದಲ್ಲಿ ಕಲಿತರೆ ಫೋಟೋ ಕಳಿಸ್ತೀರಿ” ಎಂದೆ. ಅವರಿಗೆ ಸಿಟ್ಟು ಬಂತು. ಬರಲಿ.

ಮುಂದಿನ ಗೌರಿಗೆ ಮೊರ ಕೊಳ್ಳುವಾಗ ಹೇಳಿದ ಬೆಲೆ ಕೊಡಿ. ಆ ತಾಯಿಗೂ ಒಂದು ಬಾಗಿನ ಕೊಡಿ. ಅವರೂ ಮುತ್ತೈದೆಯೇ, ಅವರಿಗೂ ಹಬ್ಬವೇ. ಅಮೆರಿಕದ ಹುಡುಗನ ಪ್ರಶ್ನೆಗೆ ನಾನು ಉತ್ತರ ಬರೆದು ಕಳಿಸಿದ್ದೇನೆ: ‘ನಡುವಿನಿಂದ ಶುರು ಮಾಡುತ್ತಾರಪ್ಪ. ನನಗೆ ಹೇಳಿಕೊಟ್ಟವಳು ಎಂಟನೇ ತರಗತಿಯ ಹುಡುಗಿ.’