ಎಳೆಗೂಸಿನ ಹಾಲಿನ ಚಿಂತೆ

ಮನೆಯಲ್ಲಿ ಕೂಸು ಹುಟ್ಟಿತೆಂದರೆ ಮೊದಲನೆಯ ದಿನ ಸಂತೋಷ, ಎರಡನೆಯ ದಿನ ಚಿಂತೆ. ಬೀದಿಗೆಲ್ಲ ಸಕ್ಕರೆ ಹಂಚಿದವರೇ ಮರುದಿನ ರಾತ್ರಿ ಬಾಣಂತಿಯ ಮಂಚದ ಸುತ್ತಲೂ ನಿಂತು, "ಹಾಲು ಸಾಲದು, ಕೂಸು ಹಸಿದಿದೆ" ಎಂದು ಮರುಗುವರು. ಕೂಸು ಅಳುವುದು; ಎದೆಗೆ ಹಚ್ಚಿದರೆ ನಾಲ್ಕು ಗುಟುಕು ಚೀಪಿ ಕಣ್ಣು ಮುಚ್ಚುವುದು; ಕೆಳಗೆ ಮಲಗಿಸಿದೊಡನೆ ಮತ್ತೆ ಅಳುವುದು. ಹಿರಿಯರಲ್ಲಿ ಒಬ್ಬರು ಸಕ್ಕರೆ ನೀರೆನ್ನುವರು, ಮತ್ತೊಬ್ಬರು ಜೇನುತುಪ್ಪವೆನ್ನುವರು, ಇನ್ನೊಬ್ಬರು ಹರಳೆಣ್ಣೆಯೆನ್ನುವರು. ಕೂಸಿನ ತಂದೆಯು ಯಾರಿಗೂ ಹೇಳದೆ ಹಾಲಿನ ಪುಡಿಯ ಡಬ್ಬಿಗಾಗಿ ಔಷಧದ ಅಂಗಡಿಗೆ ಓಡುವನು. ಇಷ್ಟೆಲ್ಲದರ ನಡುವೆ ಬಾಣಂತಿಯು ತನ್ನಲ್ಲಿಯೇ ಏನೋ ಕೊರತೆಯಿದೆಯೆಂದು ಮೌನವಾಗಿ ಕಣ್ಣೀರಿಡುವಳು. ಈ ಮೂರು ನಾಲ್ಕು ದಿನಗಳ ವಿಚಾರವನ್ನೇ ಈ ತಿಂಗಳು ವಾಚಕರ ಮುಂದಿಡಬೇಕೆಂದಿದ್ದೇವೆ.

ನಾವು ವೈದ್ಯರಲ್ಲ, ಮಕ್ಕಳಿಗೆ ಶಬ್ದ, ಧಾತುಗಳನ್ನು ಹೇಳಿಕೊಟ್ಟು ನಿವೃತ್ತರಾದವರು. ಆದುದರಿಂದ ಒಂದು ಶಬ್ದದಿಂದಲೇ ಪ್ರಾರಂಭಿಸುವೆವು. ಅಮರಕೋಶದಲ್ಲಿ 'ಪೀಯೂಷ' ಎಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ಒಂದು ಅಮೃತ, ಮತ್ತೊಂದು ಹೊಸ ಹಾಲು, ಎಂದರೆ ಕನ್ನಡದಲ್ಲಿ ನಾವು ಗಿಣ್ಣು ಎನ್ನತಕ್ಕದ್ದು. ಹಸುವಿನ ಗಿಣ್ಣನ್ನು ಬೆಲ್ಲ ಏಲಕ್ಕಿ ಹಾಕಿ ಸವಿಯುವ ನಾವೇ, ಹೆತ್ತ ತಾಯಿಯ ಗಿಣ್ಣುಹಾಲನ್ನು "ಕೆಟ್ಟ ಹಾಲು" ಎಂದು ಹಿಂಡಿ ಚೆಲ್ಲಿಸುವ ವಾಡಿಕೆಯನ್ನು ಎಷ್ಟೋ ಮನೆಗಳಲ್ಲಿ ಇಟ್ಟುಕೊಂಡು ಬಂದೆವು. ಹಳದಿ ಬಣ್ಣದ, ಮಂದವಾದ ಆ ಹಾಲಿನಲ್ಲಿ ರೋಗವನ್ನು ತಡೆಯುವ ದ್ರವ್ಯಗಳು ತುಂಬಿರುವುವು. ಕೂಸಿನ ಹೊಟ್ಟೆಯಲ್ಲಿರುವ ಕಪ್ಪು ಮಲವನ್ನು ಹೊರದೂಡುವ ಗುಣವೂ ಅದಕ್ಕುಂಟು. ಹುಟ್ಟಿದ ಒಂದು ಗಂಟೆಯೊಳಗೆ ಕೂಸನ್ನು ಎದೆಗೆ ಹಚ್ಚಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯವರು ಹೇಳುವುದು ಇದಕ್ಕಾಗಿಯೇ.

"ಆದರೆ ಅದು ತೊಟ್ಟು ತೊಟ್ಟಲ್ಲವೆ, ಸಾಕಾದೀತೆ?" ಎಂಬುದು ಮುಂದಿನ ಪ್ರಶ್ನೆ. ಮೊದಲ ದಿನ ಒಂದೊಂದು ಸಲಕ್ಕೆ ಕೂಸು ಕುಡಿಯತಕ್ಕದ್ದು 2ರಿಂದ 10 ಮಿಲಿಲೀಟರು. ಎಂದರೆ ಅರ್ಧ ಚಹಾ ಚಮಚದಿಂದ ಎರಡು ಚಮಚದೊಳಗೆ. ಎರಡನೆಯ ದಿನ 5ರಿಂದ 15, ಮೂರನೆಯ ದಿನ 15ರಿಂದ 30 ಮಿಲಿಲೀಟರು, ಹೀಗೆ ದಿನದಿನಕ್ಕೆ ಏರುವುದು. ಎಳೆಯ ಹೊಟ್ಟೆಗೆ ತಕ್ಕಷ್ಟೇ ಹಾಲು. ಹಾಲಿಗೆ ತಕ್ಕಷ್ಟೇ ಹೊಟ್ಟೆ. ಸ್ವಲ್ಪ ಸ್ವಲ್ಪವಾಗಿ ಕುಡಿಯುವುದರಿಂದ ಪದೇ ಪದೇ ಕೇಳುವುದು ಸಹಜ. ಹಗಲಿರುಳಿನಲ್ಲಿ 8ರಿಂದ 12 ಸಲ ಕುಡಿಯುವ ಕೂಸು ಹೊಟ್ಟೆಬಾಕನಲ್ಲ, ತಾಯಿಯೂ ದರಿದ್ರಳಲ್ಲ. ಮೊದಲ ದಿನಗಳಲ್ಲಿ ತೂಕ ಇಳಿಯುವುದಕ್ಕೂ ಹೆದರಬೇಕಾದುದಿಲ್ಲ. ಮೂರು ಕಿಲೋಗ್ರಾಂ ಇದ್ದ ಕೂಸು ಇನ್ನೂರು ಗ್ರಾಂ ಇಳಿದರೆ ಅದು ಸಾಮಾನ್ಯ. ನೂರಕ್ಕೆ ಹತ್ತು ಪಾಲನ್ನು ಮೀರಿ ಇಳಿದರೆ ಮಾತ್ರ ವೈದ್ಯರು ತಪ್ಪದೆ ವಿಚಾರಿಸುವರು. ಎರಡು ವಾರದೊಳಗೆ ಹುಟ್ಟಿದ ತೂಕ ಮರಳಿ ಬರುವುದು.

ಹಾಲು ಉಕ್ಕಿ ಬರುವುದಕ್ಕೆ ಮೂರು ನಾಲ್ಕು ರಾತ್ರಿ ಬೇಕೆಂಬುದನ್ನು ಸುಶ್ರುತನು ಆಗಲೇ ಕಂಡಿದ್ದನು. ಮಾಸು ಬಿದ್ದ ಮೇಲೆ ರಕ್ತದಲ್ಲಿ ಒಂದು ರಸವು ಇಳಿದು, ಹಾಲನ್ನು ಹುಟ್ಟಿಸುವ ರಸವು ತನ್ನ ಕೆಲಸಕ್ಕೆ ತೊಡಗುವುದಕ್ಕೆ ಅಷ್ಟು ಕಾಲ ಹಿಡಿಯುವುದೆಂದು ಇಂದಿನ ವೈದ್ಯರು ವಿವರಿಸುವರು. ಕೂಸು ಚೀಪಿದಷ್ಟೂ ಹಾಲು ಹೆಚ್ಚುವುದು, ಚೀಪದಿದ್ದರೆ ಕುಗ್ಗುವುದು. ಹೊರಗಿನ ಹಾಲಿನಿಂದ ಹೊಟ್ಟೆ ತುಂಬಿದ ಕೂಸು ಎದೆಯನ್ನು ಕೇಳದು. ಕೇಳದಿದ್ದರೆ ಹಾಲು ಹೆಚ್ಚದು. ಹೆಚ್ಚದಿದ್ದರೆ ಮತ್ತೆ ಹೊರಗಿನ ಹಾಲು. ಇಲ್ಲದ ಕೊರತೆಯನ್ನು ನಾವೇ ಹೀಗೆ ಉಂಟುಮಾಡುವೆವು. ಚೀಪಿಸುವಾಗ ತೊಟ್ಟು ಮಾತ್ರವಲ್ಲದೆ ಅದರ ಸುತ್ತಲಿನ ಕಪ್ಪು ಭಾಗವೂ ಬಹುಮಟ್ಟಿಗೆ ಬಾಯೊಳಗೆ ಇರಬೇಕು. ಕೂಸಿನ ಗದ್ದವು ಎದೆಗೆ ತಾಗಿರಬೇಕು. ಶಸ್ತ್ರಚಿಕಿತ್ಸೆಯಿಂದ ಹೆತ್ತವರಿಗೆ ಹಾಲು ಬರುವುದು ಒಂದು ದಿನ ತಡವಾಗಬಹುದು. ಆದರೆ ಅವರೂ ಒಂದು ಮಗ್ಗುಲಾಗಿ ಮಲಗಿಕೊಂಡೇ ಹಾಲೂಡಬಹುದು.

ಈಚೆಗೆ ನಮ್ಮ ಬೀದಿಯ ಒಂದು ಮನೆಯಲ್ಲಿ ಇದೇ ಚರ್ಚೆ ಬಿಸಿಯೇರಿತು. ಆಸ್ಪತ್ರೆಯಿಂದ ಬಂದ ದಿನವೇ ಅಜ್ಜಿಯು ಬೆಳ್ಳಿಯ ಬಟ್ಟಲಲ್ಲಿ ಜೇನುತುಪ್ಪವನ್ನಿಟ್ಟುಕೊಂಡು ಕುಳಿತಿದ್ದರು. ಸೊಸೆ ಬೇಡವೆಂದಳು. ನಮ್ಮನ್ನು ಕರೆಸಿದರು.

"ಮೇಷ್ಟರೇ, ನೀವು ಓದಿದವರು. ಶಾಸ್ತ್ರದಲ್ಲಿ ಜೇನು ತುಪ್ಪ ನೆಕ್ಕಿಸಬೇಕೆಂದು ಹೇಳಿದೆಯೋ ಇಲ್ಲವೋ? ಇದ್ದುದನ್ನು ಇದ್ದ ಹಾಗೆ ಹೇಳಿ" ಎಂದರು ಅಜ್ಜಿ.

"ಹೇಳಿದೆಯಮ್ಮ. ಚರಕನೂ ಹೇಳಿದ್ದಾನೆ, ಸುಶ್ರುತನೂ ಹೇಳಿದ್ದಾನೆ. ಆದರೆ ಚರಕನು ಅದರ ಹಿಂದೆಯೇ ತಾಯಿಯ ಬಲದ ಮೊಲೆಯನ್ನು ಕೊಡಬೇಕೆಂದಿದ್ದಾನೆ, ಮೂರು ದಿನ ಕಾಯಿರಿ ಎಂದಿಲ್ಲ. ಜೇನಿನಲ್ಲಿ ಕಣ್ಣಿಗೆ ಕಾಣದ ಒಂದು ಬಗೆಯ ಬೀಜಾಣುಗಳಿರಬಹುದೆಂಬುದು ಆ ಕಾಲದವರಿಗೆ ತಿಳಿಯುವ ದಾರಿಯಿರಲಿಲ್ಲ. ದೊಡ್ಡವರ ಹೊಟ್ಟೆಯಲ್ಲಿ ಅವು ಸುಮ್ಮನಿರುವುವು. ಎಳೆಗೂಸಿನ ಕರುಳಿನಲ್ಲಿ ಮೊಳೆತು ವಿಷವನ್ನುಂಟುಮಾಡಿ, ಕೈಕಾಲಿನ ಶಕ್ತಿಯನ್ನೂ ಉಸಿರನ್ನೂ ಉಡುಗಿಸಬಲ್ಲುವು. ಅದಕ್ಕೆ ಬಾಟುಲಿಸಂ ಎಂದು ಹೆಸರು. ವರ್ಷ ತುಂಬುವವರೆಗೆ ಜೇನು ಕೂಡದು" ಎಂದೆವು.

"ಹಾಗಾದರೆ ಶಾಸ್ತ್ರ ಸುಳ್ಳೆ?"

"ಶಾಸ್ತ್ರದ ಉದ್ದೇಶ ಕೂಸು ಬದುಕಬೇಕೆಂಬುದು. ಅದನ್ನು ಉಳಿಸಿಕೊಳ್ಳೋಣ."

ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಚಿನ್ನದ ಉಂಗುರವನ್ನು ಜೇನಿಗೆ ಮುಟ್ಟಿಸಿ ದೇವರ ಮುಂದಿಟ್ಟರು. ಪ್ರಸಾದವನ್ನು ದೊಡ್ಡವರೆಲ್ಲ ತೆಗೆದುಕೊಂಡೆವು. ಕೂಸಿನ ಪಾಲಿಗೆ ತಾಯಿಯ ಹಾಲೇ ಆಯಿತು.

ಮರುದಿನ ಆ ಮನೆಗೆ ಆಶಾ ಕಾರ್ಯಕರ್ತೆ ಬಂದಳು. ಆಸ್ಪತ್ರೆಯಲ್ಲಿ ಹೆತ್ತವರ ಮನೆಗೂ 3, 7, 14, 21, 28, 42ನೆಯ ದಿನಗಳಲ್ಲಿ ಅವರು ಬರತಕ್ಕ ಏರ್ಪಾಡುಂಟು. ಅವಳು ಹಾಲೆಷ್ಟಿದೆಯೆಂದು ಕೇಳಲಿಲ್ಲ, "ಎಷ್ಟು ಬಟ್ಟೆ ಒದ್ದೆಯಾದುವು ಅಜ್ಜಿ?" ಎಂದು ಕೇಳಿದಳು. ಇದೇ ಸರಿಯಾದ ಲೆಕ್ಕ. ಎದೆಯೊಳಗಿನ ಹಾಲನ್ನು ಅಳೆಯಲಾಗದು, ಹೊರಗೆ ಬಂದುದನ್ನು ಎಣಿಸಬಹುದು. ಮೊದಲ ದಿನ ಒಂದು, ಎರಡನೆಯ ದಿನ ಎರಡು, ಮೂರನೆಯ ದಿನ ಮೂರು ಸಲವಾದರೂ ಮೂತ್ರ ಹೋಗಬೇಕು; ಐದಾರನೆಯ ದಿನದಿಂದ ಆರು ಸಲ ಅಥವಾ ಹೆಚ್ಚು. ಮಲವು ಮೊದಲು ಕಪ್ಪಗಿದ್ದು, ಮೂರನೆಯ ದಿನದ ಹೊತ್ತಿಗೆ ಹಸಿರಾಗಿ, ಐದನೆಯ ದಿನದೊಳಗೆ ಹಳದಿಗೆ ತಿರುಗಬೇಕು. ಕೂಸು ಕುಡಿಯುವಾಗ ನುಂಗುವ ಸದ್ದು ಕೇಳಿಸಬೇಕು. ಇಷ್ಟಿದ್ದರೆ ಹಾಲು ಸಾಲುತ್ತಿದೆಯೆಂದೇ ತಿಳಿಯತಕ್ಕದ್ದು.

ಆದರೆ ಧೈರ್ಯವು ಅಲಕ್ಷ್ಯವಾಗಬಾರದು. ಕೂಸು ಎಬ್ಬಿಸಿದರೂ ಏಳದೆ, ಚೀಪದೆ ಜಡವಾಗಿ ಬಿದ್ದಿದ್ದರೆ. ಇಡೀ ದಿನ ಮೂತ್ರವಿಲ್ಲದಿದ್ದರೆ. ನಾಲ್ಕನೆಯ ದಿನ ಕಳೆದರೂ ಬಟ್ಟೆಯಲ್ಲಿ ಇಟ್ಟಿಗೆಯ ಪುಡಿಯ ಬಣ್ಣದ ಕಲೆ ಕಾಣುತ್ತಿದ್ದರೆ. ಮೊದಲ ದಿನವೇ ಕಾಮಾಲೆ ಕಂಡರೆ, ಅಥವಾ ಆಮೇಲೆ ಬಂದ ಹಳದಿಯು ಅಂಗೈ ಅಂಗಾಲುಗಳಿಗೆ ಇಳಿದರೆ. ನೆತ್ತಿಯ ಮೆತ್ತನೆಯ ಭಾಗ ಕುಳಿಬಿದ್ದರೆ. ಜ್ವರ, ಮೈ ತಣ್ಣಗಾಗುವಿಕೆ, ಏದುಸಿರು ಕಂಡರೆ, ಬೆಳಗಾಗಲೆಂದು ಕಾಯದೆ ವೈದ್ಯರಲ್ಲಿಗೆ ಒಯ್ಯತಕ್ಕದ್ದು. ತಿಂಗಳು ತುಂಬುವ ಮೊದಲೇ ಹುಟ್ಟಿದ, ತೂಕ ಕಡಿಮೆಯಾದ ಕೂಸುಗಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು.

ವೈದ್ಯರು ಪರೀಕ್ಷಿಸಿ ಹೊರಗಿನ ಹಾಲು ಬೇಕೆಂದರೆ ಹಟ ಹಿಡಿಯದೆ ಕೊಡಬೇಕು. ಅದರಲ್ಲಿ ತಾಯಿಗೆ ಅವಮಾನವೇನೂ ಇಲ್ಲ. ಕೈಯಿಂದ ಹಿಂಡಿದ ತಾಯಿಯ ಹಾಲೇ ಸಿಕ್ಕಿದರೆ ಅದು ಮೊದಲು. ಕುದಿಯುವ ನೀರಿನಲ್ಲಿ ಶುಚಿಮಾಡಿದ ಚಮಚ ಅಥವಾ ನಮ್ಮ ಹಳೆಯ ಒಳಲೆಯು ಸೀಸೆಗಿಂತ ಲೇಸು. ವೈದ್ಯರ ಮಾತಿಲ್ಲದೆ ಡಬ್ಬಿಗೆ ಕೈ ಹಾಕುವುದು ಮಾತ್ರ ಬೇಡ. ಹಾಲಿನ ಪುಡಿ, ಹಾಲಿನ ಸೀಸೆಗಳ ಜಾಹೀರಾತನ್ನೇ ನಮ್ಮ ದೇಶದ 1992ರ ಕಾನೂನು ನಿಷೇಧಿಸಿರುವುದನ್ನು ಗೃಹಸ್ಥರು ನೆನಪಿಡಬೇಕು.

ಕೊನೆಯದಾಗಿ ಮನೆಯವರಿಗೆ ಒಂದು ಮಾತು. ಕೂಸಿನ ಸ್ಪರ್ಶ, ದರ್ಶನ, ಸ್ಮರಣೆಗಳಿಂದ ಹಾಲು ಸುರಿಯುವುದೆಂದೂ, ಕೋಪ ಶೋಕಗಳಿಂದ ಬತ್ತುವುದೆಂದೂ ಸುಶ್ರುತನು ಹೇಳಿದ್ದಾನೆ. ಮನಸ್ಸು ಕಲಕಿದಾಗ ಹಾಲು ಇಳಿದು ಬರುವುದು ತಡೆಯುವುದೆಂದು ಇಂದಿನವರೂ ಒಪ್ಪುವರು. "ನಿನಗೆ ಹಾಲಿಲ್ಲ" ಎಂಬ ಮಾತು ಅತ್ತೆಯ ಬಾಯಿಂದಾಗಲಿ, ಗಂಡನ ಬಾಯಿಂದಾಗಲಿ ಬಂದರೆ ಅದು ತನ್ನನ್ನು ತಾನೇ ನಿಜಮಾಡಿಕೊಳ್ಳಬಲ್ಲುದು. ಬಾಣಂತಿಗೆ ಬಿಸಿ ಊಟ, ಬೇಕಾದಷ್ಟು ನೀರು, ಎರಡು ತಾಸು ನಿದ್ದೆ, ಇವನ್ನು ಒದಗಿಸಿರಿ. ಅಳುವ ಕೂಸನ್ನು ಸ್ವಲ್ಪ ಹೊತ್ತು ನೀವು ಎತ್ತಿಕೊಳ್ಳಿರಿ. ನೋಡಲು ಬರುವ ನೆಂಟರನ್ನು ವಾರದ ಮೇಲೆ ಬರಹೇಳಿರಿ. ಮೂರು ರಾತ್ರಿಗಳ ತಾಳ್ಮೆಯನ್ನು ಮನೆಯವರೆಲ್ಲ ಹಂಚಿಕೊಂಡರೆ ನಾಲ್ಕನೆಯ ದಿನದ ಹೊತ್ತಿಗೆ ಹೆಚ್ಚಿನವರ ಚಿಂತೆ ತಾನಾಗಿಯೇ ತಗ್ಗುವುದು.