ಸಣ್ಣ ಫೋನ್ ಸಾಹುಕಾರರಿಗಷ್ಟೇ ಯಾಕೆ?

ನಮ್ಮ ಕಡೆಯ ಮೊಬೈಲ್ ಅಂಗಡಿಗಳಲ್ಲಿ "ಒಂದ ಕೈಯಾಗ ಹಿಡಿಸೋ ಅಂಥಾ ಸಣ್ಣ ಸ್ಮಾರ್ಟ್‌ಫೋನ್ ಕೊಡ್ರಿ" ಅಂತ ಕೇಳಿ ನೋಡಿ. ಸಾಮಾನ್ಯವಾಗಿ ಸಾವಿರ, ಎರಡು ಸಾವಿರದ ಬಟನ್ ಫೋನ್ ತೆಗೆದು ಮುಂದಿಡುತ್ತಾರೆ. ಅದಲ್ಲ, ವಾಟ್ಸ್ಆ್ಯಪ್ ನಡೆಯುವಂಥದ್ದು ಬೇಕು ಅಂದರೆ "ಈಗ ಸಣ್ಣವು ಬರೂದಿಲ್ರಿ, ಎಲ್ಲಾ ದೊಡ್ಡವ" ಅನ್ನುವ ಉತ್ತರ ಬರುತ್ತದೆ.

ಆ ಮಾತು ಅರ್ಧ ಮಾತ್ರ ನಿಜ. ಸಣ್ಣ ಸ್ಮಾರ್ಟ್‌ಫೋನ್ ಈಗಲೂ ಬರುತ್ತಿದೆ. ಆದರೆ ಅದು ಐವತ್ತು ಸಾವಿರ ರೂಪಾಯಿಯ ಮೇಲಿನ ಅಟ್ಟಕ್ಕೆ ಹತ್ತಿ ಕೂತಿದೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯಲ್ಲಿ ಕೈಯಿಂದ ದುಡಿಯುವ ಮಂದಿಗೆ ಬೇಕಾದ ವಸ್ತು ಅವರ ಕೈಗೆ ಎಟುಕದ ಬೆಲೆಗೆ ಹೋಗಿದೆ ಅನ್ನುವುದು ನಮ್ಮ ತಕರಾರು.

ಮೊದಲು ಲೆಕ್ಕ ನೋಡೋಣ.

2017ರ ನವೆಂಬರ್‌ನಲ್ಲಿ ಶಓಮಿ ಕಂಪನಿಯ ರೆಡ್ಮಿ 5ಎ ಬಂತು. 5 ಇಂಚಿನ ಪರದೆ, ತೂಕ 137 ಗ್ರಾಂ, ಅಗಲ ಸುಮಾರು 70 ಮಿಲಿಮೀಟರ್. 2 ಜಿಬಿ ಮಾದರಿಯ ಆರಂಭದ ಬೆಲೆ 4,999 ರೂಪಾಯಿ. ಏಳು ವರ್ಷ ಬಿಟ್ಟು, 2024ರ ನವೆಂಬರ್‌ನಲ್ಲಿ ಅದೇ ಕಂಪನಿ ಕಡಿಮೆ ಬೆಲೆಯ ಗಿರಾಕಿಗೆಂದೇ ರೆಡ್ಮಿ ಎ4 5ಜಿ ತಂದಿತು. ಆರಂಭದ ಬೆಲೆ 8,499 ರೂಪಾಯಿ. ಪರದೆ 6.88 ಇಂಚು, ಅಗಲ ಸುಮಾರು 78 ಮಿಲಿಮೀಟರ್, ತೂಕ ಸುಮಾರು 212 ಗ್ರಾಂ. ಹಳೆಯದಕ್ಕಿಂತ 75 ಗ್ರಾಂ ಹೆಚ್ಚು. ಇದು ಒಂದೇ ಕಂಪನಿಯ ಕಥೆಯಲ್ಲ. ಹೆಸರುವಾಸಿ ಕಂಪನಿಗಳ ಅಗ್ಗದ ಹೊಸ ಫೋನ್‌ಗಳು ಹೆಚ್ಚುಕಡಿಮೆ ಎಲ್ಲವೂ ಇದೇ ಗಾತ್ರದ ಆಸುಪಾಸಿನಲ್ಲಿವೆ.

ಈಗ ಅಟ್ಟದ ಮೇಲಿನ ಫೋನ್ ನೋಡಿ. 2025ರ ಜೂನ್‌ನಲ್ಲಿ ಭಾರತದಲ್ಲಿ ಒನ್‌ಪ್ಲಸ್ 13ಎಸ್ ಬಂತು. 6.32 ಇಂಚು, 185 ಗ್ರಾಂ, ಅಗಲ 72 ಮಿಲಿಮೀಟರ್‌ಗೂ ತುಸು ಕಡಿಮೆ. ಬೆಲೆ 54,999ರಿಂದ ಶುರು. ಮರು ತಿಂಗಳು ಬಂದ ವಿವೊ ಎಕ್ಸ್200 ಎಫ್‌ಇ ಕೂಡ 6.31 ಇಂಚು, ಅದರ ಬೆಲೆಯೂ 54,999ರಿಂದಲೇ. "ಕಾಂಪ್ಯಾಕ್ಟ್" ಅಂದರೆ ಈಗ ಇವೇ.

ಈ ಹಣವನ್ನು ನಮ್ಮ ಕಡೆಯ ತಕ್ಕಡಿಯಲ್ಲಿ ತೂಗೋಣ. 2025ರ ನವೆಂಬರ್‌ನಲ್ಲಿ ಮುಧೋಳ ಭಾಗದ ರೈತರು ರಸ್ತೆಗಿಳಿದು ಹೋರಾಡಿದ ಮೇಲೆ ಕಬ್ಬಿಗೆ ಟನ್‌ಗೆ 3,300 ರೂಪಾಯಿಯ ಮಾತಾಯಿತು. ಆ ಲೆಕ್ಕದಲ್ಲಿ ಒಂದು ಸಣ್ಣ ಫೋನಿಗೆ ಹದಿನಾರೂವರೆ ಟನ್ನಿಗೂ ಹೆಚ್ಚು ಕಬ್ಬು ಹೋಗುತ್ತದೆ. ಗೃಹಲಕ್ಷ್ಮಿಯ 2,000 ರೂಪಾಯಿಯಲ್ಲಿ ಎಣಿಸಿದರೆ 28 ಕಂತು, ಎರಡು ವರ್ಷದ ಮೇಲೆ ನಾಲ್ಕು ತಿಂಗಳು. ದೊಡ್ಡ ಫೋನಿಗಾದರೆ ಅದೇ ಕಂತು ನಾಲ್ಕೈದು ಸಾಕು. ಮೊಬೈಲ್ ಮೇಲಿನ ಜಿಎಸ್‌ಟಿ 2020ರ ಏಪ್ರಿಲ್‌ನಿಂದ ಶೇ 18 ಇದೆ. 54,999ರಲ್ಲಿ ಆ ತೆರಿಗೆಯ ಪಾಲೇ ಸುಮಾರು 8,390 ರೂಪಾಯಿ. ಸಣ್ಣ ಫೋನಿನ ತೆರಿಗೆಯ ಹಣದಲ್ಲಿ ಹೆಚ್ಚುಕಡಿಮೆ ದೊಡ್ಡ ಫೋನೊಂದು ಬಂದುಬಿಡುತ್ತದೆ!

ಸಣ್ಣದು ಯಾರಿಗೆ ಬೇಕು?

"ದೊಡ್ಡದು ಸಿಗುವಾಗ ಸಣ್ಣದು ಯಾಕೆ?" ಅಂತ ಕೇಳುವವರಿಗೆ ನಮ್ಮ ನಾಲ್ಕು ತಾಲ್ಲೂಕಿನ ಕೆಲಸಗಳನ್ನೇ ತೋರಿಸಬಹುದು.

ರಬಕವಿ-ಬನಹಟ್ಟಿಯ ಪಾವರ್‌ಲೂಮ್ ಮುಂದೆ ನಿಂತವರಿಗೆ ಎರಡೂ ಕೈ ಬಿಡುವಾಗುವುದು ಅಪರೂಪ. ಎಳೆ ಹರಿದರೆ ತಕ್ಷಣ ಕೈ ಹಾಕಬೇಕು. ನಡುವೆ ನೂಲಿನ ವ್ಯಾಪಾರಿಯ ಫೋನ್ ಬಂದರೆ ಒಂದೇ ಹೆಬ್ಬೆರಳಿನಲ್ಲಿ ಕೆಲಸ ಮುಗಿಯಬೇಕು. ಮನೆಯಲ್ಲಿ ಕಂಡಿಕೆ ಸುತ್ತುವ ಹೆಣ್ಣುಮಕ್ಕಳ ಸೀರೆಗೆ ಕಿಸೆಯೇ ಇಲ್ಲ. ಸೊಂಟದ ಸಂಚಿಯಲ್ಲಿ ಎಲೆ-ಅಡಿಕೆಯ ಜೊತೆ 6.8 ಇಂಚಿನ ಹಲಗೆ ಹಿಡಿಸುವುದಿಲ್ಲ.

ಜಮಖಂಡಿ, ಮುಧೋಳದ ಕಬ್ಬಿನ ಗದ್ದೆಯಲ್ಲಿ ನೀರು ತಿರುವುವ ರೈತ ಬಗ್ಗಿದಾಗ ಅಂಗಿಯ ಮೇಲ್ಕಿಸೆಯಿಂದ ಫೋನ್ ಜಾರಿ ಕಾಲುವೆಗೆ ಬೀಳುತ್ತದೆ. ಟ್ರ್ಯಾಕ್ಟರ್ ಚಾಲಕನ ಪ್ಯಾಂಟಿನ ಕಿಸೆಯಲ್ಲಿ ಅದು ಕೂರಲು ಬಿಡುವುದಿಲ್ಲ. ಬೀಳಗಿ ಕಡೆ ಕೃಷ್ಣೆಯ ಹಿನ್ನೀರಿಗೆ ಊರು ಬಿಟ್ಟು ಪುನರ್ವಸತಿ ಕೇಂದ್ರ ಸೇರಿದ ಮನೆಗಳಲ್ಲಿ, ದುಡಿಯಲು ದೂರ ಹೋದ ಮಗನ ಮುಖ ನೋಡುವುದು ಅವ್ವನಿಗೆ ಫೋನಿನಲ್ಲೇ. ಆಕೆಗೆ ಬೇಕಾದದ್ದು ವಿಡಿಯೊ ಕರೆ, ವಾಟ್ಸ್ಆ್ಯಪ್ ಧ್ವನಿ ಸಂದೇಶ, ಬ್ಯಾಂಕಿನ ಒಟಿಪಿ. ಅದಕ್ಕೆ ಏಳು ಇಂಚು ಬೇಡ.

ಸ್ಮಾರ್ಟ್‌ಫೋನ್ ಬೇಡ, ಬಟನ್ ಫೋನೇ ಸಾಕು ಅನ್ನುವ ಹಾಗೂ ಇಲ್ಲ. ನಮ್ಮ ರಾಜ್ಯದಲ್ಲಿ ರೈತರೇ ಬೆಳೆ ಸಮೀಕ್ಷೆ ಮಾಡಿ ಫೋಟೊ ಹಾಕುವ ಆ್ಯಪ್ 2020ರಲ್ಲೇ ಬಂತು. ಉದ್ಯೋಗ ಖಾತ್ರಿಯ ಹಾಜರಿಯನ್ನು ಆ್ಯಪ್‌ನಲ್ಲೇ ಹಾಕಬೇಕು ಎಂಬ ನಿಯಮ 2023ರ ಜನವರಿಯಿಂದ ಕಡ್ಡಾಯವಾಯಿತು. ಪಿಎಂ ಕಿಸಾನ್ ಇ-ಕೆವೈಸಿಗೆ ಮುಖ ತೋರಿಸುವ ಆ್ಯಪ್ 2023ರಲ್ಲಿ ಬಂತು. 2017ರಲ್ಲಿ 1,500 ರೂಪಾಯಿ ಠೇವಣಿಗೆ ಸಿಕ್ಕ ಬಟನ್ ಜಿಯೊಫೋನ್‌ನಲ್ಲಿ ಸ್ವಲ್ಪ ಕಾಲ ವಾಟ್ಸ್ಆ್ಯಪ್ ನಡೆಯಿತು. ಆ ಬಗೆಯ ಫೋನ್‌ಗಳಿಗೆ ವಾಟ್ಸ್ಆ್ಯಪ್ 2025ರ ಆರಂಭದಲ್ಲಿ ಬೆಂಬಲ ನಿಲ್ಲಿಸಿತು. ನಡುವಿನ ಬಾಗಿಲು ಹೀಗೆ ಮುಚ್ಚಿತು. ಈಗ ಒಂದು ಕಡೆ ಬಟನ್, ಇನ್ನೊಂದು ಕಡೆ ಹಲಗೆ.

ಕಂಪನಿಗಳ ಮಾತು

ಸಣ್ಣದಕ್ಕೆ ಗಿರಾಕಿ ಇಲ್ಲ ಅನ್ನುವವರ ಬಳಿ ಆಧಾರವೂ ಇದೆ, ಅದನ್ನು ಮುಚ್ಚಿಡಬಾರದು. ಆ್ಯಪಲ್ 2020ರಲ್ಲಿ 5.4 ಇಂಚಿನ ಐಫೋನ್ 12 ಮಿನಿ ತಂದಿತು. ನಮ್ಮಲ್ಲಿ ಬೆಲೆ 69,900 ರೂಪಾಯಿ. 2021ರ ಜನವರಿಯ ಮೊದಲ ಎರಡು ವಾರ ಅಮೆರಿಕದಲ್ಲಿ ಮಾರಾಟವಾದ ಆ್ಯಪಲ್‌ನ ಹೊಸ ಫೋನ್‌ಗಳಲ್ಲಿ ಮಿನಿಯ ಪಾಲು ಶೇ 5 ಮಾತ್ರ ಎಂದು ಕೌಂಟರ್‌ಪಾಯಿಂಟ್ ಸಂಸ್ಥೆ ಲೆಕ್ಕ ಕೊಟ್ಟಿತು. 2022ರಲ್ಲಿ ಮಿನಿಯ ಜಾಗಕ್ಕೆ 6.7 ಇಂಚಿನ ಪ್ಲಸ್ ಬಂತು. ಸೋನಿ ಕಂಪನಿಯ ಕಾಂಪ್ಯಾಕ್ಟ್ ಸಾಲು 2018ಕ್ಕೆ ನಿಂತಿತು. ಅಸೂಸ್ 2023ರಲ್ಲಿ 5.9 ಇಂಚಿನ ಜೆನ್‌ಫೋನ್ 10 ಮಾಡಿ, ಮರುವರ್ಷ 6.78 ಇಂಚಿಗೆ ಜಿಗಿಯಿತು.

ಇದೆಲ್ಲ ನಿಜ. ಆದರೆ ಈ ಪರೀಕ್ಷೆ ನಡೆದದ್ದು ಯಾವ ಬೆಲೆಯಲ್ಲಿ? ಎಪ್ಪತ್ತು ಸಾವಿರ ಕೊಡುವವನು ಅದೇ ದುಡ್ಡಿಗೆ ದೊಡ್ಡ ಪರದೆ, ದೊಡ್ಡ ಬ್ಯಾಟರಿ ಕೇಳುತ್ತಾನೆ. ಅವನು ಬೇಡ ಅಂದದ್ದನ್ನು ಬನಹಟ್ಟಿಯ ನೇಕಾರನೂ ಬೇಡ ಅಂದ ಎಂದು ಬರೆದುಕೊಳ್ಳುವುದು ಯಾವ ನ್ಯಾಯ? ಹತ್ತು ಸಾವಿರದೊಳಗೆ ಒಳ್ಳೆಯ ಸಣ್ಣ ಫೋನನ್ನು ದೊಡ್ಡದರ ಪಕ್ಕದಲ್ಲೇ ಇಟ್ಟು ಗಿರಾಕಿಯನ್ನು ಕೇಳಿದವರು ಈಚಿನ ವರ್ಷಗಳಲ್ಲಿ ಕಡಿಮೆ. 2021ರ ನವೆಂಬರ್‌ನಲ್ಲಿ ಜಿಯೊ ಮತ್ತು ಗೂಗಲ್ ಸೇರಿ 5.45 ಇಂಚಿನ ಜಿಯೊಫೋನ್ ನೆಕ್ಸ್ಟ್ ಅನ್ನು 6,499 ರೂಪಾಯಿಗೆ ತಂದವು. ಅಂದರೆ ಆ ಗಾತ್ರವನ್ನು ಆ ಬೆಲೆಗೆ ಮಾಡಲು ಬರುತ್ತದೆ. ಆದರೆ ಆಮೇಲೆ ಆ ದಾರಿ ಹಿಡಿದವರು ವಿರಳ.

ಇನ್ನೊಂದು ಸಂಗತಿ ನಮ್ಮ ರಾಜ್ಯದ್ದೇ. 2017ರಲ್ಲಿ ಭಾರತದಲ್ಲಿ ಮೊದಲ ಬಾರಿಗೆ ಐಫೋನ್ ಜೋಡಣೆ ಶುರುವಾದದ್ದು ಬೆಂಗಳೂರಿನಲ್ಲಿ, ವಿಸ್ಟ್ರಾನ್ ಕಂಪನಿಯ ಕಾರ್ಖಾನೆಯಲ್ಲಿ. ಆಗ ಜೋಡಿಸಿದ್ದು 4 ಇಂಚಿನ ಐಫೋನ್ ಎಸ್‌ಇ. ಕರ್ನಾಟಕದ ಕೈಗಳಿಗೆ ಸಣ್ಣ ಫೋನ್ ಮಾಡುವುದು ಹೊಸದಲ್ಲ.

ಸಣ್ಣದಾದರೆ ಅಗ್ಗ ಆಗಬೇಕಲ್ಲ?

ಬಹಳ ಮಂದಿ ಹೀಗೆ ಕೇಳುತ್ತಾರೆ. ಬಟ್ಟೆಯಾದರೆ ಅಳತೆ ಕಡಿಮೆಯಾದಂತೆ ಬೆಲೆ ಇಳಿಯುತ್ತದೆ. ಫೋನ್ ಹಾಗಲ್ಲ. ಒಳಗಿನ ಚಿಪ್, ಮೆಮೊರಿ, ಕ್ಯಾಮೆರಾದ ಖರ್ಚು ಎರಡಕ್ಕೂ ಒಂದೇ. ಅವನ್ನೇ ಇಕ್ಕಟ್ಟಿನಲ್ಲಿ ಕೂರಿಸಬೇಕು, ಬಿಸಿ ಹೊರಹೋಗಲು ಜಾಗ ಬಿಡಬೇಕು. ಪರದೆಯ ಲೆಕ್ಕ ಇನ್ನೂ ಬೇರೆ. ಒಂದೇ ಅಳತೆಯ ಪರದೆಗಳು ಭಾರಿ ಸಂಖ್ಯೆಯಲ್ಲಿ ತಯಾರಾದರೆ ಒಂದೊಂದರ ಬೆಲೆ ಇಳಿಯುತ್ತದೆ. ಈಗ ಹಾಗೆ ತಯಾರಾಗುವುದು ದೊಡ್ಡ ಪರದೆ. ಸಾವಿರ ಸೀರೆಗೆ ಒಂದೇ ಹಾಸು ಹೂಡುವುದಕ್ಕೂ ಒಂದೇ ಸೀರೆಗೆ ಬೇರೆ ಹಾಸು ಹೂಡುವುದಕ್ಕೂ ಇರುವ ವ್ಯತ್ಯಾಸ ನೇಕಾರರಿಗೆ ಹೇಳಿಕೊಡಬೇಕಿಲ್ಲ.

ಹಾಗಾಗಿ ಸಣ್ಣ ಫೋನನ್ನು ನಾಲ್ಕು ಸಾವಿರಕ್ಕೆ ಕೊಡಿ ಎಂದು ನಾವು ಕೇಳುತ್ತಿಲ್ಲ. 2025ರ ಕೊನೆಯಿಂದ ಮೆಮೊರಿ ಚಿಪ್‌ಗಳ ಬೆಲೆಯೂ ಏರಿದೆ, ಅದರ ಪೆಟ್ಟು ಅಗ್ಗದ ಫೋನ್‌ಗಳಿಗೇ ಜೋರು. ದೊಡ್ಡ ಫೋನಿನ ಬೆಲೆಗೇ ಸಣ್ಣದನ್ನೂ ಕೊಡಿ, ಆಯ್ಕೆ ನಮಗೆ ಬಿಡಿ. ಕೇಳುವುದು ಇಷ್ಟೇ.

ಇಷ್ಟು ದಿನ ಬ್ಯಾಟರಿಯ ನೆಪವೊಂದಿತ್ತು. ಸಣ್ಣ ಮೈಯಲ್ಲಿ ದೊಡ್ಡ ಬ್ಯಾಟರಿ ಹಿಡಿಸುವುದಿಲ್ಲ ಅನ್ನುತ್ತಿದ್ದರು. ಕರೆಂಟ್ ಕೈಕೊಡುವ ನಮ್ಮ ಊರುಗಳಲ್ಲಿ ಅದು ಸಣ್ಣ ಮಾತಲ್ಲ. ಆದರೆ ಈಗ ಬ್ಯಾಟರಿಯೊಳಗಿನ ಗ್ರ್ಯಾಫೈಟ್ ಜೊತೆ ಸಿಲಿಕಾನ್-ಕಾರ್ಬನ್ ಬೆರೆಸಿ, ಅಷ್ಟೇ ಜಾಗದಲ್ಲಿ ಹೆಚ್ಚು ಚಾರ್ಜ್ ತುಂಬಿಸುತ್ತಿದ್ದಾರೆ. ಒನ್‌ಪ್ಲಸ್ 13ಎಸ್‌ನಲ್ಲಿ 5,850 ಎಂಎಎಚ್, ವಿವೊ ಎಕ್ಸ್200 ಎಫ್‌ಇಯಲ್ಲಿ 6,500 ಎಂಎಎಚ್ ಇದೆ. 6.88 ಇಂಚಿನ ರೆಡ್ಮಿ ಎ4ನಲ್ಲಿ ಇರುವುದು 5,160. ಸಣ್ಣದರಲ್ಲೇ ಹೆಚ್ಚು! ಹೊಸ ತಂತ್ರಗಳು ಮೊದಲು ದುಬಾರಿ ಫೋನಿಗೆ ಬಂದು ಆಮೇಲೆ ಅಗ್ಗದ ಫೋನಿಗೆ ಇಳಿಯುವುದು ರೂಢಿ. ಇದೂ ಇಳಿಯುತ್ತದೆ. ಆಗ ಅದನ್ನು ಇನ್ನೂ ದೊಡ್ಡ ಹಲಗೆಗೆ ಬಳಸುತ್ತಾರೋ, ಸಣ್ಣ ಫೋನಿಗೆ ಬಳಸುತ್ತಾರೋ ಅನ್ನುವುದು ಗಿರಾಕಿಗಳು ಏನು ಕೇಳುತ್ತಾರೆ ಅನ್ನುವುದರ ಮೇಲೆ ನಿಂತಿದೆ.

ದೊಡ್ಡದೂ ಇರಲಿ

ದೊಡ್ಡ ಫೋನ್ ಕೆಟ್ಟದ್ದು ಅಂತ ನಾವು ಹೇಳುತ್ತಿಲ್ಲ. ಮನೆಗೊಂದೇ ಫೋನ್ ಇದ್ದಲ್ಲಿ ಅದೇ ಟಿವಿ, ಅದೇ ಮಕ್ಕಳ ಪಾಠದ ಹಲಗೆ. ಕಣ್ಣು ಮಂಜಾದ ಹಿರಿಯರಿಗೆ ಕನ್ನಡದ ಒತ್ತಕ್ಷರ ಓದಲು ದೊಡ್ಡ ಪರದೆ ಹಿತ. ಯಾರಿಗೆ ಬೇಕೋ ಅವರು ಕೊಳ್ಳಲಿ.

ಆದರೆ ಮನೆಗೆ ಎರಡನೇ ಫೋನ್ ಬರುವಾಗ ಪ್ರಶ್ನೆ ಬದಲಾಗುತ್ತದೆ. ಆ ಎರಡನೇ ಫೋನ್ ಹೆಚ್ಚಾಗಿ ಮನೆಯ ಹೆಣ್ಣುಮಗಳದು. ಸಂಚಿಯಲ್ಲಿ ಹಿಡಿಸದ ಫೋನ್ ಮನೆಯ ಕಪಾಟಿನ ಮೇಲೆ ಉಳಿಯುತ್ತದೆ, ಮಕ್ಕಳ ಕೈಯಲ್ಲಿ ಆಟದ ಸಾಮಾನಾಗುತ್ತದೆ. ಹೊಲದಲ್ಲಿ, ಬಸ್ಸಿನಲ್ಲಿ, ಬ್ಯಾಂಕಿನ ಸಾಲಿನಲ್ಲಿ ಆಕೆಯ ಜೊತೆ ಇರುವುದಿಲ್ಲ. ಆಕೆಯ ಒಟಿಪಿ ಬೇರೆಯವರ ಕಣ್ಣಿಗೆ ಬೀಳುತ್ತದೆ. ಫೋನ್ ಆಕೆಯ ಹೆಸರಲ್ಲಿದ್ದರೂ ಆಕೆಯದಾಗುವುದಿಲ್ಲ. ನಮಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ಕಾರಣ ಇದು.

ನಾವು ಮಾಡಬಹುದಾದದ್ದು

ಅಂಗಡಿಯಲ್ಲಿ ಇಂಚು ಕೇಳಿ ಸುಮ್ಮನಾಗಬೇಡಿ. ಇಂಚು ಅಂದರೆ ಪರದೆಯ ಮೂಲೆಯಿಂದ ಮೂಲೆಗೆ ಅಳತೆ. ಕೈಗೆ ಹಿಡಿಸುತ್ತದೋ ಇಲ್ಲವೋ ಅನ್ನುವುದನ್ನು ಹೇಳುವುದು ಅಗಲ. 72 ಮಿಲಿಮೀಟರ್ ಒಳಗಿದ್ದರೆ ಬಹುಮಂದಿಗೆ ಒಂದು ಕೈಯಲ್ಲಿ ನಡೆಯುತ್ತದೆ. 76 ದಾಟಿದರೆ ಎರಡು ಕೈ ಬೇಕಾಗುತ್ತದೆ. ಕೈಯಲ್ಲಿ ಹಿಡಿದು, ಹೆಬ್ಬೆರಳು ಮೇಲಿನ ಮೂಲೆಗೆ ಮುಟ್ಟುತ್ತದೋ ನೋಡಿ, ಆಮೇಲೆ ದುಡ್ಡು ಕೊಡಿ.

ಹಳೆಯ ಸಣ್ಣ ಫೋನನ್ನು ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಎರಡು ಸಂಗತಿ ನೋಡಿಕೊಳ್ಳಿ. ಒಂದು, ಆ್ಯಪ್ ನಡೆಯುತ್ತದೋ ಇಲ್ಲವೋ. ಐಫೋನ್ 5ಎಸ್, ಐಫೋನ್ 6ಗಳಲ್ಲಿ 2025ರಲ್ಲಿ ವಾಟ್ಸ್ಆ್ಯಪ್ ನಿಂತಿದೆ. ಎರಡು, ಕದ್ದ ಮಾಲೋ ಅಲ್ಲವೋ. *#06# ಒತ್ತಿದರೆ 15 ಅಂಕಿಯ ಐಎಂಇಐ ಸಂಖ್ಯೆ ಬರುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಕೆವೈಎಂ ಎಂದು ಬರೆದು, ಜಾಗ ಬಿಟ್ಟು, ಆ ಸಂಖ್ಯೆ ಸೇರಿಸಿ 14422ಕ್ಕೆ ಎಸ್‌ಎಂಎಸ್ ಕಳಿಸಿದರೆ ಆ ಫೋನಿನ ವಿವರ ಬರುತ್ತದೆ.

ಸರ್ಕಾರಕ್ಕೂ ಒಂದು ಮಾತು. ಅಂಗನವಾಡಿ ಕಾರ್ಯಕರ್ತೆಯರಿಗೆ ಸರ್ಕಾರವೇ ಫೋನ್ ಖರೀದಿಸಿ ಕೊಡುತ್ತದೆ. ಟೆಂಡರ್‌ನಲ್ಲಿ ಪರದೆ ಇಷ್ಟಕ್ಕಿಂತ ದೊಡ್ಡದಿರಬೇಕು ಎಂದು ಬರೆಯುವಂತೆ, ಅಗಲ ಮತ್ತು ತೂಕ ಇಷ್ಟನ್ನು ಮೀರಬಾರದು ಎಂದೂ ಬರೆಯಬಹುದು. ಒಂದೇ ಆರ್ಡರ್‌ನಲ್ಲಿ ಸಾವಿರಾರು ಫೋನ್ ಕೊಳ್ಳುವ ಗಿರಾಕಿ ಕೇಳಿದರೆ ಕಂಪನಿ ಅಚ್ಚು ಬದಲಿಸುತ್ತದೆ. ಕೊಡುವ ಮೊದಲು ಗಾತ್ರದ ಬಗ್ಗೆ ಆ ಕಾರ್ಯಕರ್ತೆಯರನ್ನೇ ಕೇಳಿದರೆ ಇನ್ನೂ ಒಳ್ಳೆಯದು.

ನಮ್ಮ ಊರಿನ ಅಂಗಡಿಯವರು ಕಂಪನಿಯ ಏಜೆಂಟರಿಗೆ ಹೇಳುವುದು ಗಿರಾಕಿ ಏನು ಕೇಳಿದ ಅನ್ನುವುದನ್ನೇ. "ಸಣ್ಣದು ಇಲ್ಲೇನ್ರಿ?" ಅಂತ ಕೇಳದೆ ಸಿಕ್ಕಿದ್ದನ್ನು ಕೊಂಡು ಬಂದರೆ ಅವರ ಪುಸ್ತಕದಲ್ಲಿ ಸಣ್ಣ ಫೋನಿನ ಗಿರಾಕಿ ಸೊನ್ನೆ. ಮುಂದಿನ ಸಲ ಫೋನ್ ಕೊಳ್ಳಲು ಹೋದಾಗ, ಕೊನೆಗೆ ದೊಡ್ಡದನ್ನೇ ಕೊಂಡರೂ ಪರವಾಗಿಲ್ಲ, ಸಣ್ಣದನ್ನು ಕೇಳಿ ಬನ್ನಿ.